ಒಂದು ಸಾಲಿನ ಕರಾರು, ನೂರೆಪ್ಪತ್ತು ವರ್ಷದ ತಕರಾರು

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಾಲ್ಮನ್ ಮೀನನ್ನು ಯಾರು, ಎಲ್ಲಿ, ಎಷ್ಟು ಹಿಡಿಯಬೇಕು ಎಂಬ ಜಗಳ ದೊಡ್ಡ ಕೋರ್ಟಿನವರೆಗೆ ಹೋದಾಗಲೆಲ್ಲ ವಕೀಲರು ಕೈಗೆತ್ತಿಕೊಳ್ಳುವುದು 1854-55ರ ಒಪ್ಪಂದದ ಕಾಗದಗಳನ್ನೇ. ಇಲಾಖೆಯ ನಿಯಮ, ಬುಡಕಟ್ಟುಗಳ ಹಕ್ಕು, ಹೆದ್ದಾರಿ ಎಲ್ಲವೂ ಒಂದಕ್ಕೊಂದು ಸುತ್ತಿಕೊಂಡಿವೆ, ಯಾವ ಎಳೆ ಹಿಡಿದು ಜಗ್ಗಿದರೂ ಗಂಟು ಬಿಗಿಯುತ್ತದೆ. ಮೊದಲ ಗಂಟು ಬಿದ್ದ ಜಾಗ ಹುಡುಕಿಕೊಂಡು ಹೋದರೆ ಅಲ್ಲಿ 36 ವರ್ಷದ ಒಬ್ಬ ಗವರ್ನರ್ ಸಿಗುತ್ತಾನೆ. ಹೆಸರು ಐಸಾಕ್ ಇಂಗಲ್ಸ್ ಸ್ಟೀವನ್ಸ್.

1818ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ ಸ್ಟೀವನ್ಸ್ 1839ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿಂದ ತರಗತಿಗೇ ಮೊದಲಿಗನಾಗಿ ಹೊರಬಂದ. ಸೇನೆಯಲ್ಲಿ ಎಂಜಿನಿಯರ್ ಆದ, ಮೆಕ್ಸಿಕೊ ಯುದ್ಧದಲ್ಲಿ ಕಾಲಿಗೆ ಗುಂಡೇಟು ತಿಂದ, ಆಮೇಲೆ ಕರಾವಳಿ ಸರ್ವೆ ಕಚೇರಿಯಲ್ಲಿ ಕೂತ. 1852ರ ಚುನಾವಣೆಯಲ್ಲಿ ಫ್ರಾಂಕ್ಲಿನ್ ಪಿಯರ್ಸ್ ಪರ ದುಡಿದದ್ದು ವ್ಯರ್ಥವಾಗಲಿಲ್ಲ. ಪಿಯರ್ಸ್ ಅಧ್ಯಕ್ಷನಾದ, ಆಗಷ್ಟೇ ಹುಟ್ಟಿದ್ದ ವಾಷಿಂಗ್ಟನ್ ಟೆರಿಟರಿಗೆ (ಇನ್ನೂ ರಾಜ್ಯವಾಗದ, ಕೇಂದ್ರದ ಕೈಯಲ್ಲಿದ್ದ ಪ್ರದೇಶಕ್ಕೆ) ಸ್ಟೀವನ್ಸ್ ಗವರ್ನರ್ ಆದ. ಅದೊಂದೇ ಹುದ್ದೆಯಲ್ಲ. ಅಲ್ಲಿನ ಮೂಲನಿವಾಸಿಗಳ ವ್ಯವಹಾರ ನೋಡಿಕೊಳ್ಳುವ ಅಧಿಕಾರಿಯೂ ಅವನೇ, ಪೆಸಿಫಿಕ್ ಕಡಲಿನತನಕ ರೈಲು ಹಾದಿ ಹುಡುಕುವ ಉತ್ತರದ ಸರ್ವೆ ತಂಡದ ಮುಖ್ಯಸ್ಥನೂ ಅವನೇ. ನೆಲ ಬಿಟ್ಟುಕೊಡುವವರ ಹಿತ ಕಾಯಬೇಕಾದವನೇ ಆ ನೆಲದ ಮೇಲೆ ರೈಲಿಗೆ ಗೆರೆ ಎಳೆಯುವವನೂ ಆಗಿದ್ದ. ಇದರಲ್ಲಿ ತೊಡಕೇನಾದರೂ ಇದೆ ಎಂದು ಆ ಕಾಲದ ವಾಷಿಂಗ್ಟನ್ ನಗರಕ್ಕೆ ಅನ್ನಿಸಿದಂತಿಲ್ಲ.

1853ರ ನವೆಂಬರ್‌ನಲ್ಲಿ ಅವನು ಒಲಿಂಪಿಯಾ ತಲುಪಿದಾಗ ಇಡೀ ಟೆರಿಟರಿಯಲ್ಲಿ ಬಿಳಿಯರ ಸಂಖ್ಯೆ ನಾಲ್ಕು ಸಾವಿರವೂ ದಾಟಿರಲಿಲ್ಲ. ಅವರಿಗೆ ಜಮೀನು ಕೊಡುವ ಕಾನೂನು ಮೊದಲೇ ಬಂದಿತ್ತು. ಜಮೀನು ಮಾತ್ರ ಇನ್ನೂ ಮೂಲನಿವಾಸಿಗಳದ್ದೇ. ಕಾಗದಪತ್ರ ಸರಿಮಾಡಬೇಕಿತ್ತು, ಬೇಗ ಮಾಡಬೇಕಿತ್ತು.

1854ರ ಡಿಸೆಂಬರ್ ಕೊನೆಯ ವಾರ, ನಿಸ್ಕ್ವಾಲಿ ನದಿ ಕಡಲು ಸೇರುವಲ್ಲಿಗೆ ಹತ್ತಿರದ ಮೆಡಿಸಿನ್ ಕ್ರೀಕ್ ಎಂಬ ತೊರೆಯ ದಡ. ನಿಸ್ಕ್ವಾಲಿ, ಪುಯಾಲಪ್, ಸ್ಕ್ವಾಕ್ಸಿನ್ ಮತ್ತಿತರ ಜನ ನೂರಾರು ಸಂಖ್ಯೆಯಲ್ಲಿ ಸೇರಿದ್ದಾರೆ. ಒಪ್ಪಂದದ ಕರಡು ಅವರು ಬರುವ ಮೊದಲೇ ಸಿದ್ಧ. ಬೇರೆ ಕಡೆಯ ಬುಡಕಟ್ಟುಗಳ ಜೊತೆ ಆಗಲೇ ಆಗಿದ್ದ ಒಪ್ಪಂದಗಳನ್ನು ಮಾದರಿಯಾಗಿಟ್ಟುಕೊಂಡು ಬರೆದದ್ದು. ಅದನ್ನು ಅವರಿಗೆ ಹೇಳಿದ್ದು ಅವರ ಭಾಷೆಯಲ್ಲಲ್ಲ, ಚಿನೂಕ್ ಜಾರ್ಗನ್‌ನಲ್ಲಿ. ತುಪ್ಪಳ, ಕಂಬಳಿ, ಮೀನು ಕೊಡುಕೊಳ್ಳುವವರು ಬಳಸುತ್ತಿದ್ದ ಸಂತೆಮಾತು ಅದು. ಇದ್ದ ಪದಗಳು ಕೆಲವೇ ನೂರು. 'ಎಷ್ಟಕ್ಕೆ ಕೊಡ್ತೀಯ' ಎಂದು ಕೇಳಲು ಸಾಕು. 'ಶಾಶ್ವತವಾಗಿ ಹಕ್ಕು ಬಿಟ್ಟುಕೊಟ್ಟಿದ್ದೇವೆ' ಎಂಬುದನ್ನು ಅದರಲ್ಲಿ ಹೇಗೆ ಹೇಳಿದರು, ಕೇಳಿದವರು ಏನೆಂದು ಅರ್ಥಮಾಡಿಕೊಂಡರು ಎಂಬುದರ ಮೇಲೆ ಇತಿಹಾಸಕಾರರು ಇವತ್ತಿಗೂ ವಾದಿಸುತ್ತಿದ್ದಾರೆ.

ಡಿಸೆಂಬರ್ 26ಕ್ಕೆ ಕೆಲಸ ಮುಗಿಯಿತು. 20 ಲಕ್ಷಕ್ಕೂ ಹೆಚ್ಚು ಎಕರೆ ನೆಲಕ್ಕೆ 32,500 ಡಾಲರ್, ಅದೂ 20 ವರ್ಷದ ಕಂತಿನಲ್ಲಿ. ನಿಸ್ಕ್ವಾಲಿಗಳಿಗೆ ಉಳಿಸಿದ್ದು ನದಿಯಿಂದ ದೂರದ, ಮರ ತುಂಬಿದ ದಿಬ್ಬದ ಮೇಲೆ 1,280 ಎಕರೆ. ನದಿಯಲ್ಲಿ ಮೀನು ಹಿಡಿದು, ಬಯಲಿನಲ್ಲಿ ಕುದುರೆ ಮೇಯಿಸುತ್ತಿದ್ದವರಿಗೆ ಅಲ್ಲಿ ನದಿಯೂ ಇಲ್ಲ, ಬಯಲೂ ಇಲ್ಲ. ಸಹಿಯ ಜಾಗದಲ್ಲಿ ಗುಣಾಕಾರದ ಗುರುತುಗಳಿವೆ. ನಿಸ್ಕ್ವಾಲಿ ಮುಖಂಡ ಲೆಶೈ ಹೆಸರಿನ ಮುಂದೆಯೂ ಒಂದಿದೆ. ಅದು ಅವನು ಹಾಕಿದ್ದಲ್ಲ, ಅವನು ಸಭೆಯಿಂದ ಎದ್ದುಹೋಗಿದ್ದ ಎಂಬ ಮಾತು ಇಂದಿಗೂ ನಿಂತಿಲ್ಲ.

ಇದೇ ಕಾಗದದ ಮೂರನೇ ಕಲಮಿನಲ್ಲಿ ಇವತ್ತಿನ ತಕರಾರಿನ ಬೀಜವಿದೆ. ರೂಢಿಯಿಂದ ಮೀನು ಹಿಡಿಯುತ್ತಿದ್ದ ಎಲ್ಲ ಜಾಗಗಳಲ್ಲೂ, ಟೆರಿಟರಿಯ ಎಲ್ಲ ನಾಗರಿಕರ ಜೊತೆ ಜಂಟಿಯಾಗಿ, ಮೀನು ಹಿಡಿಯುವ ಹಕ್ಕು ಅವರಿಗೆ ಉಳಿಯುತ್ತದೆ ಎಂಬುದು ಅದರ ಸಾರ. ಆ ಸಾಲು ಇಲ್ಲದಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ಸರ್ಕಾರಕ್ಕೂ ಅದು ಅಗ್ಗ: ಮೀನು ಹಿಡಿದುಕೊಳ್ಳುವವರಿಗೆ ಅನ್ನ ಹಾಕಬೇಕಿಲ್ಲ. ಆದರೆ ಜಂಟಿ ಎಂದರೆ ಎಷ್ಟೆಷ್ಟು? ಜಂಟಿ ಖಾತೆಯ ಜಮೀನಿಗಾಗಿ ಅಣ್ಣತಮ್ಮಂದಿರು ಕೋರ್ಟು ಅಲೆದದ್ದನ್ನು ಕಂಡವರಿಗೆ ಮುಂದಿನ ಕಥೆ ಊಹಿಸುವುದು ಕಷ್ಟವಲ್ಲ.

ಸ್ಟೀವನ್ಸ್ ಅಲ್ಲಿಗೇ ನಿಲ್ಲಲಿಲ್ಲ. 1855ರ ಜನವರಿಯಲ್ಲಿ ಪಾಯಿಂಟ್ ಎಲಿಯಟ್, ಪಾಯಿಂಟ್ ನೋ ಪಾಯಿಂಟ್, ನಿಯಾ ಬೇ. ಮೇ-ಜೂನ್‌ನಲ್ಲಿ ವಾಲಾ ವಾಲಾ, ಜುಲೈಯಲ್ಲಿ ಹೆಲ್‌ಗೇಟ್, ಅಕ್ಟೋಬರ್‌ನಲ್ಲಿ ಬ್ಲ್ಯಾಕ್‌ಫೀಟ್ ಜನರ ಜೊತೆ ಒಪ್ಪಂದ. ವರ್ಷ ತುಂಬುವುದರೊಳಗೆ ಒಂದು ದೇಶದಷ್ಟು ನೆಲದ ಕಾಗದ ಆಯಿತು. ನಮ್ಮ ಸಾಫ್ಟ್‌ವೇರ್ ಕನ್ನಡಿಗರು ಮನೆ ಮಾಡಿಕೊಂಡಿರುವ ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಎಲ್ಲ ಪಾಯಿಂಟ್ ಎಲಿಯಟ್ ಕಾಗದದೊಳಗೇ ಬರುತ್ತವೆ. ವಾಲಾ ವಾಲಾ ಒಪ್ಪಂದಗಳಿಗೆ ಸೆನೆಟ್ ಒಪ್ಪಿಗೆ ಸಿಕ್ಕಿದ್ದು 1859ರಲ್ಲಿ. ನೆಲ ವಲಸೆಗೆ ತೆರೆದಿದೆ ಎಂಬ ಪ್ರಕಟಣೆ ಮಾತ್ರ 1855ರಲ್ಲೇ ಪತ್ರಿಕೆಗಳಲ್ಲಿ ಬಂದಿತ್ತು. ಅದೇ ವರ್ಷ ಕಾಲ್ವಿಲ್ ಕಡೆ ಚಿನ್ನವೂ ಕಂಡಿತು. ಶರತ್ಕಾಲ ಬರುವಷ್ಟರಲ್ಲಿ ಬಿಳಿಯರಿಗೂ ಮೂಲನಿವಾಸಿಗಳಿಗೂ ಯುದ್ಧ ಶುರುವಾಗಿತ್ತು.

ಮುಂದಿನದು ವಿಚಿತ್ರ. ಮೂಲನಿವಾಸಿ ಹೆಂಡಿರಿದ್ದ ಕೆಲವು ಬಿಳಿಯ ರೈತರು ಶತ್ರುಗಳಿಗೆ ನೆರವಾಗುತ್ತಿದ್ದಾರೆ ಎಂಬ ಗುಮಾನಿಯ ಮೇಲೆ ಗವರ್ನರ್ ಅವರನ್ನು ಹಿಡಿದಿಟ್ಟ. ವಕೀಲರು ಬಿಡುಗಡೆಗೆ ಕೋರ್ಟಿಗೆ ಹೋದರು. 1856ರ ಏಪ್ರಿಲ್‌ನಲ್ಲಿ ಸ್ಟೀವನ್ಸ್ ಪಿಯರ್ಸ್ ಕೌಂಟಿಯಲ್ಲಿ ಸೇನಾಡಳಿತ ಸಾರಿದ. ಆದರೂ ಮುಖ್ಯ ನ್ಯಾಯಾಧೀಶ ಎಡ್ವರ್ಡ್ ಲ್ಯಾಂಡರ್ ಕಲಾಪ ನಡೆಸಲು ಕೂತಾಗ, ಗವರ್ನರನ ಸ್ವಯಂಸೇವಕ ಪಡೆ ಕೋರ್ಟಿನೊಳಗೇ ನುಗ್ಗಿ ಅವನನ್ನು ಬಂಧಿಸಿತು. ಆಮೇಲೆ ಲ್ಯಾಂಡರ್ ನ್ಯಾಯಾಂಗ ನಿಂದನೆಗಾಗಿ ಸ್ಟೀವನ್ಸ್‌ಗೆ 50 ಡಾಲರ್ ದಂಡ ಹಾಕಿದ. ಸ್ಟೀವನ್ಸ್ ಗವರ್ನರ್ ಅಧಿಕಾರ ಬಳಸಿ ತನ್ನ ದಂಡಕ್ಕೆ ತಾನೇ ತಡೆ ಬರೆದುಕೊಂಡ! ಅದು ನಡೆಯಲಿಲ್ಲ, ದಂಡ ಕಟ್ಟಲಾಯಿತು. ನೇಮಿಸಿದ್ದ ಪಿಯರ್ಸ್ ಸರ್ಕಾರವೂ ಸೇನಾಡಳಿತವನ್ನು ಒಪ್ಪಲಿಲ್ಲ.

ಅದೇ ವರ್ಷದ ಆಗಸ್ಟ್‌ನಲ್ಲಿ ಫಾಕ್ಸ್ ದ್ವೀಪದ ಸಭೆಯಲ್ಲಿ ಅವನೇ ನಿಸ್ಕ್ವಾಲಿಗಳಿಗೆ ನದಿದಡದ ಹೆಚ್ಚಿನ ನೆಲ ಕೊಡಲು ಒಪ್ಪಿದ. ಎರಡು ವರ್ಷ ಮೊದಲೇ ಕೊಟ್ಟಿದ್ದರೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಯುದ್ಧಕ್ಕಿಳಿದಿದ್ದ ಲೆಶೈ ಸಿಕ್ಕಿಬಿದ್ದ, ಅವನ ಮೇಲೆ ಕೊಲೆ ಆರೋಪ ಬಂತು. ಯುದ್ಧದಲ್ಲಿ ಕೊಂದದ್ದು ಕೊಲೆಯಲ್ಲ ಎಂದು ನ್ಯಾಯಾಧೀಶ ತಿಳಿಹೇಳಿದ ಮೊದಲ ವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ; ಎರಡನೆಯದರಲ್ಲಿ ಆ ಮಾತು ಇರಲಿಲ್ಲ, ಶಿಕ್ಷೆಯಾಯಿತು. 1858ರ ಫೆಬ್ರವರಿ 19ರಂದು ಗಲ್ಲು. 2004ರಲ್ಲಿ, ಇತಿಹಾಸದ ಮರುವಿಚಾರಣೆಗೆಂದೇ ಕೂತ ನ್ಯಾಯಪೀಠವೊಂದು ಅವನನ್ನು ದೋಷಮುಕ್ತನೆಂದಿತು. ಕಾನೂನಿನ ಬಲ ಆ ತೀರ್ಪಿಗಿರಲಿಲ್ಲ.

ಲೆಶೈ ಗಲ್ಲಿಗೇರುವಷ್ಟರಲ್ಲಿ ಸ್ಟೀವನ್ಸ್ ಟೆರಿಟರಿಯ ಪ್ರತಿನಿಧಿಯಾಗಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಸೇರಿದ್ದ. ಅಂತರ್ಯುದ್ಧ ಬಂದಾಗ ಮತ್ತೆ ಸಮವಸ್ತ್ರ ತೊಟ್ಟ. 1862ರ ಸೆಪ್ಟೆಂಬರ್ 1ರಂದು ವರ್ಜೀನಿಯಾದ ಶಾಂಟಿಲಿಯಲ್ಲಿ ಬಿದ್ದ ಬಾವುಟ ಎತ್ತಿಕೊಂಡು ಮುನ್ನುಗ್ಗುತ್ತಿದ್ದಾಗ ತಲೆಗೆ ಗುಂಡು ಬಿತ್ತು. ವಯಸ್ಸು 44. ಧೈರ್ಯದ ಬಗ್ಗೆ ಯಾರೂ ತಕರಾರು ಮಾಡಿದ್ದಿಲ್ಲ.

ಮುಂದೆ ನೂರು ವರ್ಷ ಮೀನನ್ನು ಡಬ್ಬಿಗೆ ತುಂಬುವ ಕ್ಯಾನಿಂಗ್ ಕಾರ್ಖಾನೆ, ಅಣೆಕಟ್ಟು, ಲೈಸೆನ್ಸು, ಮತ್ತು ಲೈಸೆನ್ಸಿಲ್ಲವೆಂದು ಬಂಧನ. ನಿಸ್ಕ್ವಾಲಿಯ ಬಿಲ್ಲಿ ಫ್ರಾಂಕ್ ಜೂನಿಯರ್ 1945ರಲ್ಲಿ, 14ನೇ ವಯಸ್ಸಿನಲ್ಲಿ, ಮೊದಲ ಸಲ ಬಂಧನಕ್ಕೊಳಗಾದರು. ಆಮೇಲೆ ಐವತ್ತಕ್ಕೂ ಹೆಚ್ಚು ಸಲ. 1974ರ ಫೆಬ್ರವರಿ 12ರಂದು ಫೆಡರಲ್ ನ್ಯಾಯಾಧೀಶ ಜಾರ್ಜ್ ಬೋಲ್ಟ್ 'ಜಂಟಿ' ಎಂಬುದಕ್ಕೆ ಲೆಕ್ಕ ಕೊಟ್ಟರು: ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಬುಡಕಟ್ಟುಗಳದ್ದು. 1979ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಹುತೇಕ ಎತ್ತಿಹಿಡಿಯಿತು.

ಹೊಸ ಪ್ರಶ್ನೆ ಎದ್ದಿತು: ಮೀನೇ ಇಲ್ಲದಿದ್ದರೆ ಅರ್ಧ ಎಂದರೇನು? ಮೊಟ್ಟೆಯಿಡಲು ತೊರೆ ಹತ್ತುವ ಸಾಲ್ಮನ್‌ಗೆ ರಾಜ್ಯದ ರಸ್ತೆಗಳ ಕೆಳಗಿನ ಮೋರಿಗಳು ಅಡ್ಡ. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಮೀನು ಎಷ್ಟು ನೆಗೆದರೂ ಒಳಗೆ ಹೋಗದು. 2001ರಲ್ಲಿ ಬುಡಕಟ್ಟುಗಳು ಕೋರ್ಟಿಗೆ ಹೋದವು. 2018ರಲ್ಲಿ ಸುಪ್ರೀಂ ಕೋರ್ಟ್ ನಾಲ್ಕು-ನಾಲ್ಕಾಗಿ ಒಡೆಯಿತು. ಹಾಗಾಗಿ ಮೋರಿಗಳನ್ನು ರಾಜ್ಯ ಸರಿಪಡಿಸಬೇಕೆಂಬ ಕೆಳಗಿನ ಕೋರ್ಟಿನ ಆದೇಶವೇ ಉಳಿಯಿತು. ಒಂಬತ್ತನೆಯ ನ್ಯಾಯಮೂರ್ತಿ ಹೊರಗುಳಿದಿದ್ದರು, 1985ರಲ್ಲಿ ಕೆಳಗಿನ ಕೋರ್ಟಿನಲ್ಲಿದ್ದಾಗ ಇದೇ ವ್ಯಾಜ್ಯ ಅವರ ಮುಂದೆ ಬಂದಿತ್ತಂತೆ. ರಾಜ್ಯವೀಗ ಹೆದ್ದಾರಿಗಳನ್ನು ಅಗೆದು ಹಳೆಯ ಪೈಪು ಕಿತ್ತು, ಮೀನು ಈಜುವಷ್ಟು ಅಗಲದ ಸೇತುವೆ ಕಟ್ಟುತ್ತಿದೆ.