ಕೆ. ಸುಬ್ರಹ್ಮಣ್ಯಂ: ಆಜ್ಞೆ ಮಾಡುವ ಅಧಿಕಾರವಿಲ್ಲದ ಸಲಹೆಗಾರರ ಬದುಕನ್ನು ಓದುವ ಬಗೆ

ರಾಷ್ಟ್ರೀಯ ಭದ್ರತೆಯ ಪಾಠ ಬಂದಾಗ ಸಮಿತಿಯ ಹೆಸರು, ಇಸವಿ, ನಾಲ್ಕು ಶಿಫಾರಸುಗಳನ್ನು ಬಾಯಿಪಾಠ ಮಾಡಿ ಮುಂದಿನ ಪುಟಕ್ಕೆ ಹೋಗುವುದು ನಮ್ಮಲ್ಲಿ ಅನೇಕರ ರೂಢಿ. ಹಾಗೆ ಓದಿದರೆ ಕೆ. ಸುಬ್ರಹ್ಮಣ್ಯಂ ಎಂಬ ಹೆಸರು ‘ಕಾರ್ಗಿಲ್ ಪರಿಶೀಲನಾ ಸಮಿತಿಯ ಅಧ್ಯಕ್ಷರು’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಅದು ಅವರಿಗೆ ಮಾಡುವ ಅನ್ಯಾಯ, ನಮಗೂ ನಷ್ಟ. ಅವರ ವೃತ್ತಿಜೀವನವನ್ನು ಒಂದೇ ಎಳೆಯಾಗಿ ಹಿಡಿದರೆ 1960ರ ದಶಕದಿಂದ ಈಚಿನ ಭದ್ರತಾ ನೀತಿಯ ಬಹುಪಾಲು ಪಠ್ಯ ಅದರಲ್ಲೇ ಸಿಗುತ್ತದೆ. ಸಲಹೆಗಾರರು ಯಾರಿಗೂ ಆಜ್ಞೆ ಮಾಡಲಾರರು. ಹಾಗಾದರೆ ಅವರ ಮಾತು ಸರ್ಕಾರದೊಳಗೆ ಹೇಗೆ ನಿಲ್ಲುತ್ತದೆ, ಎಷ್ಟು ವರ್ಷಕ್ಕೆ ಫಲ ಕೊಡುತ್ತದೆ? ಈ ಟಿಪ್ಪಣಿಯುದ್ದಕ್ಕೂ ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಮೊದಲು ವಿವರಗಳು. ಹುಟ್ಟಿದ್ದು 1929ರ ಜನವರಿ 19ರಂದು ತಿರುಚಿರಾಪಳ್ಳಿಯಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಸ್ನಾತಕೋತ್ತರ ಪದವಿ, 1951ರ ತಂಡದಲ್ಲಿ ಐಎಎಸ್. ಮುಂದೆ ರಕ್ಷಣಾ ಸಚಿವಾಲಯದ ಕೆಲಸ, ಎರಡು ಅವಧಿಗೆ ದೆಹಲಿಯ ರಕ್ಷಣಾ ಅಧ್ಯಯನ ಮತ್ತು ವಿಶ್ಲೇಷಣಾ ಸಂಸ್ಥೆಯ ನಿರ್ದೇಶಕ ಸ್ಥಾನ, 1970ರ ದಶಕದ ಕೊನೆಯಲ್ಲಿ ಜಂಟಿ ಗುಪ್ತಚರ ಸಮಿತಿಯ ಅಧ್ಯಕ್ಷ ಸ್ಥಾನ, ಆಮೇಲೆ ರಕ್ಷಣಾ ಉತ್ಪಾದನಾ ಇಲಾಖೆಯ ಕಾರ್ಯದರ್ಶಿ ಹುದ್ದೆ. ನಿವೃತ್ತಿಯ ನಂತರ ಪತ್ರಿಕಾ ಅಂಕಣಗಳ ಬರವಣಿಗೆ. 2011ರ ಫೆಬ್ರುವರಿ 2ರಂದು ದೆಹಲಿಯಲ್ಲಿ ನಿಧನ. ಈಗಿನ ವಿದೇಶಾಂಗ ಸಚಿವ ಎಸ್. ಜೈಶಂಕರ್ ಮತ್ತು ಇತಿಹಾಸಕಾರ ಸಂಜಯ್ ಸುಬ್ರಹ್ಮಣ್ಯಂ ಇವರ ಮಕ್ಕಳು.

ಈ ಪಟ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದದ್ದು ಸಂಸ್ಥೆಯ ನಿರ್ದೇಶಕತ್ವ. 1962ರ ಸೋಲಿನ ನೆನಪು ಇನ್ನೂ ಹಸಿಯಾಗಿದ್ದಾಗ, 1965ರ ನವೆಂಬರಿನಲ್ಲಿ ಹುಟ್ಟಿದ ಸಂಸ್ಥೆ ಅದು. 1968ರಲ್ಲಿ ಇವರು ಅದರ ಹೊಣೆ ಹೊತ್ತಾಗ ರಕ್ಷಣೆಯೆಂದರೆ ಸೈನ್ಯದವರ ವಿಷಯ, ವಿದೇಶಾಂಗವೆಂದರೆ ರಾಜತಂತ್ರಜ್ಞರ ವಿಷಯ, ಉಳಿದವರಿಗೆ ಅಲ್ಲಿ ಕೆಲಸವಿಲ್ಲ ಎಂಬ ಭಾವನೆ ಬಲವಾಗಿತ್ತು. ಭದ್ರತೆಯನ್ನು ಸಾರ್ವಜನಿಕವಾಗಿ, ಅಂಕಿಅಂಶ ಹಿಡಿದು ವಾದಿಸಬಹುದಾದ ವಿಷಯವನ್ನಾಗಿ ಮಾಡಿದವರಲ್ಲಿ ಇವರೇ ಮೊದಲ ಸಾಲಿನವರು. ನನ್ನ ಮಟ್ಟಿಗೆ ಅವರ ಅತಿ ದೊಡ್ಡ ಕೊಡುಗೆ ಇದೇ, ಸಮಿತಿ ವರದಿಗಳಿಗಿಂತಲೂ ದೊಡ್ಡದು.

ಅದಕ್ಕೆ ಬೆಲೆಯನ್ನೂ ತೆರಬೇಕಾಯಿತು. 1971ರ ಮಾರ್ಚ್ ಕೊನೆಯಲ್ಲಿ, ಪೂರ್ವ ಪಾಕಿಸ್ತಾನದಲ್ಲಿ ಸೇನಾ ದಮನ ಶುರುವಾದ ಕೆಲವೇ ದಿನಗಳಲ್ಲಿ, ದೆಹಲಿಯ ಒಂದು ವಿಚಾರಗೋಷ್ಠಿಯಲ್ಲಿ ಅವರು ಮಾತನಾಡಿದರು. ಪಾಕಿಸ್ತಾನ ಒಡೆಯುವುದು ಭಾರತದ ಹಿತಕ್ಕೆ ಅನುಕೂಲ, ಇಂಥ ಅವಕಾಶ ಮತ್ತೆ ಬರಲಾರದು ಎಂಬುದು ಅವರ ವಾದ. ಪಾಕಿಸ್ತಾನ ಆ ಮಾತನ್ನು ಭಾರತದ ಸಂಚಿಗೆ ಪುರಾವೆಯೆಂದು ಎತ್ತಿ ಹಿಡಿಯಿತು. ಸಲಹೆಗಾರರ ಅಭಿಪ್ರಾಯ ಬೇರೆ, ಸರ್ಕಾರದ ನಿರ್ಧಾರ ಬೇರೆ. ಉತ್ತರ ಬರೆಯುವಾಗ ಇವೆರಡನ್ನೂ ಬೆರೆಸಬೇಡಿ.

ಅಣ್ವಸ್ತ್ರದ ವಿಷಯಕ್ಕೆ ಬಂದರೆ, ಅವರನ್ನು ‘ಕಠಿಣವಾದಿ’ ಎಂದು ಕರೆದು ಬಿಟ್ಟುಬಿಡುವವರು ಅವರನ್ನು ಅರ್ಧವೇ ಓದಿದವರು. ಬಾಂಬ್ ಬೇಕು ಎಂದು ದಶಕಗಳ ಕಾಲ ವಾದಿಸಿದರು ನಿಜ. ಆದರೆ ಅದು ಯುದ್ಧದಲ್ಲಿ ಪ್ರಯೋಗಿಸುವ ಆಯುಧವಲ್ಲ, ಎದುರಾಳಿ ತನ್ನ ಅಸ್ತ್ರವನ್ನು ಹೊರತೆಗೆಯದಂತೆ ತಡೆಯುವ ಸಾಧನ ಎಂಬುದೇ ಅವರ ವಾದದ ತಿರುಳು. 1998ರ ಮೇ ತಿಂಗಳ ಪೋಖ್ರಾನ್ ಪರೀಕ್ಷೆಗಳ ನಂತರ, ಅದೇ ವರ್ಷದ ಕೊನೆಗೆ ರಾಷ್ಟ್ರೀಯ ಭದ್ರತಾ ಮಂಡಳಿ ರೂಪುಗೊಂಡಿತು. ಅದರ ಮೊದಲ ಸಲಹಾ ಮಂಡಳಿಗೆ ಸಂಚಾಲಕರಾದವರು ಸುಬ್ರಹ್ಮಣ್ಯಂ. ಆ ಮಂಡಳಿ ಬರೆದ ಅಣ್ವಸ್ತ್ರ ನೀತಿಯ ಕರಡು 1999ರ ಆಗಸ್ಟ್ 17ರಂದು ಹೊರಬಂತು. ಮೊದಲು ನಾವು ಬಳಸುವುದಿಲ್ಲ. ವಿಶ್ವಾಸಾರ್ಹವಾದ ಕನಿಷ್ಠ ಪ್ರಮಾಣದ ಅಸ್ತ್ರಗಳು ಸಾಕು. ಅವು ನೆಲ, ಜಲ, ಆಕಾಶ ಮೂರರಲ್ಲೂ ಇರಬೇಕು. ಬಳಕೆಯ ಅಧಿಕಾರ ಪ್ರಧಾನಿಯದ್ದೇ, ಇಲ್ಲವೇ ಅವರು ಗೊತ್ತುಮಾಡಿದ ಉತ್ತರಾಧಿಕಾರಿಯದು. 2003ರ ಜನವರಿ 4ರಂದು ಸರ್ಕಾರ ಪ್ರಕಟಿಸಿದ ನೀತಿ ಇದರ ಬುನಾದಿಯ ಮೇಲೆಯೇ ನಿಂತಿದೆ. ವ್ಯತ್ಯಾಸವನ್ನೂ ಗುರುತಿಸಿಕೊಳ್ಳಿ: ಕರಡಿನಲ್ಲಿ ಪ್ರತಿದಾಳಿ ‘ದಂಡನಾತ್ಮಕ’ವಾಗಿತ್ತು, 2003ರಲ್ಲಿ ಅದು ‘ಭಾರಿ’ ಪ್ರಮಾಣದ್ದಾಯಿತು, ಜೈವಿಕ, ರಾಸಾಯನಿಕ ಅಸ್ತ್ರಗಳ ದಾಳಿಗೂ ಅಣ್ವಸ್ತ್ರದಿಂದ ಉತ್ತರಿಸುವ ಆಯ್ಕೆಯನ್ನು ಸೇರಿಸಲಾಯಿತು.

1999ರಲ್ಲೇ ಅವರಿಗೆ ಪದ್ಮಭೂಷಣ ಘೋಷಣೆಯಾಯಿತು. ಅವರು ನಿರಾಕರಿಸಿದರು. ಅಧಿಕಾರಿಗಳೂ ಪತ್ರಕರ್ತರೂ ಸರ್ಕಾರದಿಂದ ಪ್ರಶಸ್ತಿ ಪಡೆಯಬಾರದು ಎಂಬುದು ಅವರ ನಿಲುವು. ಅದೇ ವರ್ಷ ಸರ್ಕಾರದ ಲೋಪಗಳನ್ನು ಪರಿಶೀಲಿಸುವ ಹೊಣೆ ಅವರ ಹೆಗಲೇರಿತು ಎಂಬುದನ್ನು ನೆನೆದರೆ ಆ ನಿಲುವಿನ ತೂಕ ಇನ್ನಷ್ಟು ಅರ್ಥವಾಗುತ್ತದೆ.

ಕಾರ್ಗಿಲ್ ವರದಿ

ಕಾರ್ಗಿಲ್ ಯುದ್ಧ ಮುಗಿದದ್ದು 1999ರ ಜುಲೈ 26ಕ್ಕೆ, ಸಮಿತಿ ನೇಮಕವಾದದ್ದು ಜುಲೈ 29ಕ್ಕೆ. ನಿವೃತ್ತ ಲೆಫ್ಟಿನೆಂಟ್ ಜನರಲ್ ಕೆ.ಕೆ. ಹಜಾರಿ, ಪತ್ರಕರ್ತ ಬಿ.ಜಿ. ವರ್ಗೀಸ್ ಸದಸ್ಯರು; ಸತೀಶ್ ಚಂದ್ರ ಸದಸ್ಯ ಕಾರ್ಯದರ್ಶಿ. ವರದಿ 2000ದ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದೆ ಬಂತು. ಭದ್ರತಾ ಲೋಪದ ಬಗ್ಗೆ ಇಂಥದೊಂದು ವರದಿ ಜನರ ಕೈಗೆ ಸಿಕ್ಕಿದ್ದೇ ದೊಡ್ಡ ಮಾತು. 1962ರ ಯುದ್ಧದ ಬಗ್ಗೆ ಸೇನೆ ನಡೆಸಿದ ವಿಚಾರಣೆಯ ವರದಿಯನ್ನು ಸರ್ಕಾರ ಗೋಪ್ಯವಾಗಿಯೇ ಇಟ್ಟಿತ್ತು.

ಈ ವರದಿಯ ಒಂದು ಪ್ರಸಂಗವನ್ನಂತೂ ನಿಧಾನವಾಗಿ ಓದಲೇಬೇಕು. 1998ರ ಜೂನ್ 2ರಂದು ಗುಪ್ತಚರ ದಳದ (ಐಬಿ) ನಿರ್ದೇಶಕರು ಗಡಿಯಾಚೆಯ ಚಟುವಟಿಕೆಗಳ ಬಗ್ಗೆ ತಮ್ಮದೇ ಸಹಿಯ ಪತ್ರವೊಂದನ್ನು ಕಳುಹಿಸುತ್ತಾರೆ. ಅದು ಪ್ರಧಾನಿಗೆ ಹೋಗುತ್ತದೆ, ಗೃಹ ಸಚಿವರಿಗೆ ಹೋಗುತ್ತದೆ, ಸಂಪುಟ ಕಾರ್ಯದರ್ಶಿ, ಗೃಹ ಕಾರ್ಯದರ್ಶಿ, ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರಿಗೂ ಹೋಗುತ್ತದೆ. ಆದರೆ ಆ ಮಾಹಿತಿಯ ಜಾಡು ಹಿಡಿದು ಹೋಗಬೇಕಾಗಿದ್ದ, ಹೊರದೇಶಗಳ ಗುಪ್ತಚರ ಸಂಸ್ಥೆ ‘ರಾ’ದ ಮುಖ್ಯಸ್ಥರಿಗೆ, ಅದನ್ನು ತೂಗಿ ನೋಡಬೇಕಾಗಿದ್ದ ಜಂಟಿ ಗುಪ್ತಚರ ಸಮಿತಿಯ ಅಧ್ಯಕ್ಷರಿಗೆ, ಸೇನಾ ಗುಪ್ತಚರ ವಿಭಾಗದ ಮಹಾನಿರ್ದೇಶಕರಿಗೆ ಅದನ್ನು ಬರೆದಿರಲಿಲ್ಲ. ಮೇಲಿನಿಂದ ಅವರಿಗೆ ತಲುಪುತ್ತದೆ ಎಂದು ಭಾವಿಸಿದ್ದೆ ಎಂಬುದು ನಿರ್ದೇಶಕರ ಉತ್ತರ. ‘ರಾ’ ಮುಖ್ಯಸ್ಥರಿಗೆ ಅದು ತಲುಪಲಿಲ್ಲ. ಜಂಟಿ ಗುಪ್ತಚರ ಸಮಿತಿಯ ಹೆಚ್ಚುವರಿ ಹೊಣೆಯೂ ಆಗ ಅವರದೇ ಆಗಿತ್ತು!

ಮಾಹಿತಿ ಇರಲಿಲ್ಲ ಎನ್ನುವುದಕ್ಕೂ ಇದ್ದ ಮಾಹಿತಿ ಓಡಾಡಲಿಲ್ಲ ಎನ್ನುವುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಕಂಡಿಲ್ಲ. ತುಣುಕುಗಳನ್ನು ಒಂದೆಡೆ ಸೇರಿಸಿ ಅರ್ಥ ಹೇಳಬೇಕಾದ ಪೀಠಕ್ಕೇ, ಅಂದರೆ ಜಂಟಿ ಗುಪ್ತಚರ ಸಮಿತಿಗೇ, ಸಲ್ಲಬೇಕಾದ ಮಹತ್ವ ಸಲ್ಲುತ್ತಿರಲಿಲ್ಲ ಎಂದು ವರದಿ ನೇರವಾಗಿ ಹೇಳಿತು. ಹಿಂದೆ ಅದೇ ಪೀಠದಲ್ಲಿ ಕುಳಿತಿದ್ದವರು ಅಧ್ಯಕ್ಷರಾಗಿದ್ದ ಸಮಿತಿಯ ಮಾತು ಇದು. ಜೊತೆಗೆ, ಸ್ವಾತಂತ್ರ್ಯದ ಹೊತ್ತಿನಲ್ಲಿ ವೈಸ್‌ರಾಯ್ ಮೌಂಟ್‌ಬ್ಯಾಟನ್ ಮತ್ತು ಅವರ ಸಿಬ್ಬಂದಿ ಮುಖ್ಯಸ್ಥ ಇಸ್ಮೇ ಹಾಕಿಕೊಟ್ಟ ಭದ್ರತಾ ನಿರ್ವಹಣೆಯ ಚೌಕಟ್ಟೇ 52 ವರ್ಷ ಕಳೆದರೂ ಹೆಚ್ಚು ಬದಲಾಗದೆ ನಡೆದುಬಂದಿದೆ, ಸಶಸ್ತ್ರ ಪಡೆಗಳ ಕೇಂದ್ರ ಕಚೇರಿಗಳು ಸರ್ಕಾರದ ಮೇಲ್ಸ್ತರದಿಂದ ಹೊರಗೇ ಉಳಿದಿವೆ ಎಂದೂ ಅದು ಬೊಟ್ಟುಮಾಡಿತು.

ಆಮೇಲೆ ಏನಾಯಿತು? ವರದಿಯನ್ನು ಎಲ್.ಕೆ. ಅಡ್ವಾಣಿ ನೇತೃತ್ವದ ಸಚಿವರ ಗುಂಪು ಕೈಗೆತ್ತಿಕೊಂಡಿತು. ಗುಪ್ತಚರ, ಆಂತರಿಕ ಭದ್ರತೆ, ಗಡಿ ನಿರ್ವಹಣೆ, ರಕ್ಷಣಾ ನಿರ್ವಹಣೆಗಳಿಗೆ ಒಂದೊಂದರಂತೆ ನಾಲ್ಕು ಕಾರ್ಯಪಡೆಗಳು ರಚನೆಯಾದವು. 2001ರ ಫೆಬ್ರುವರಿಯಲ್ಲಿ ಶಿಫಾರಸುಗಳು ಸಿದ್ಧವಾದವು. ಮೂರೂ ಪಡೆಗಳಿಗೆ ಸೇರಿದ ಜಂಟಿ ಕಚೇರಿಯಾದ ಸಮಗ್ರ ರಕ್ಷಣಾ ಸಿಬ್ಬಂದಿ, ರಕ್ಷಣಾ ಗುಪ್ತಚರ ಸಂಸ್ಥೆ, ತಾಂತ್ರಿಕ ಗುಪ್ತಚರ ಮಾಹಿತಿ ಕಲೆಹಾಕುವ ರಾಷ್ಟ್ರೀಯ ತಾಂತ್ರಿಕ ಸಂಶೋಧನಾ ಸಂಸ್ಥೆ ಇವೆಲ್ಲ ಆ ಸರಣಿಯ ಫಲ. ಮೂರೂ ಪಡೆಗಳಿಗೆ ಒಬ್ಬ ರಕ್ಷಣಾ ಪಡೆಗಳ ಮುಖ್ಯಸ್ಥರು ಬೇಕೆಂದು ಸಚಿವರ ಗುಂಪು ಮಾಡಿದ ಶಿಫಾರಸು ಮಾತ್ರ ಕಡತದಲ್ಲೇ ಉಳಿಯಿತು. ಜನರಲ್ ಬಿಪಿನ್ ರಾವತ್ ಆ ಹುದ್ದೆಗೆ ಬಂದದ್ದು 2020ರ ಜನವರಿ 1ರಂದು. ಅಷ್ಟರಲ್ಲಿ ಸುಬ್ರಹ್ಮಣ್ಯಂ ತೀರಿಕೊಂಡು ಸುಮಾರು ಒಂಬತ್ತು ವರ್ಷಗಳಾಗಿದ್ದವು.

ಸಮಿತಿಯ ಮೇಲೆ ಟೀಕೆಗಳೂ ಇವೆ. ಯಾರ ಹೆಸರು ಹಿಡಿದೂ ಹೊಣೆ ಹೊರಿಸಲಿಲ್ಲ, ಸರ್ಕಾರದ ಬಗ್ಗೆ ಮೃದುವಾಯಿತು ಎಂಬುದು ಮುಖ್ಯವಾದದ್ದು. ಇದನ್ನು ತೂಗುವಾಗ ಸಮಿತಿಗೆ ಕೊಟ್ಟಿದ್ದ ಕೆಲಸವೇನು ಎಂಬುದನ್ನು ನೋಡಿ: ಅತಿಕ್ರಮಣಕ್ಕೆ ದಾರಿಯಾದ ಘಟನೆಗಳನ್ನು ಪರಿಶೀಲಿಸುವುದು, ಮತ್ತೆ ಹಾಗಾಗದಂತೆ ಕ್ರಮ ಸೂಚಿಸುವುದು. ಯುದ್ಧ ನಡೆಸಿದ ರೀತಿಯ ವಿಚಾರಣೆ ಅದರ ವ್ಯಾಪ್ತಿಯಲ್ಲಿರಲಿಲ್ಲ. ಟೀಕೆಯಲ್ಲಿ ಹುರುಳಿಲ್ಲ ಎನ್ನಲಾರೆ, ಆದರೆ ಹೆಸರುಗಳ ಬೇಟೆಗಿಂತ ಜೂನ್ 2ರ ಪತ್ರದ ಜಾಡು ಹಿಡಿದದ್ದೇ ಹೆಚ್ಚು ಉಪಯೋಗಕ್ಕೆ ಬಂತೆಂದು ನನಗನ್ನಿಸುತ್ತದೆ. ಪ್ರಕಟಿತ ಪ್ರತಿಯಲ್ಲಿ ಭದ್ರತೆಯ ಕಾರಣಕ್ಕೆ ತೆಗೆದುಹಾಕಿದ ಭಾಗಗಳಿವೆ, ಗುಪ್ತಚರಕ್ಕೆ ಸಂಬಂಧಿಸಿದಂತೆ ವಿಶೇಷವಾಗಿ. ಅಂಥ ಕಡೆ ಊಹೆಯಿಂದ ಖಾಲಿ ಜಾಗ ತುಂಬಲು ಹೋಗದೆ, ಅದೇ ವಿಷಯದ ಮೇಲೆ ಸಚಿವರ ಗುಂಪು ಏನು ಶಿಫಾರಸು ಮಾಡಿತು ಎಂಬುದನ್ನು ಪಕ್ಕದಲ್ಲಿಟ್ಟುಕೊಂಡು ಓದಿ.