ಕಡಲ ಕೆಸರಿಗೊಂದು ಲ್ಯಾಕ್ಟೋಮೀಟರ್

ಕಡಲ ತಳದ ಕೆಸರಿನ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸುದ್ದಿಗೆಲ್ಲ ಒಂದೇ ಧಾಟಿ: ವಿಜ್ಞಾನಿಗಳು ಕೆಸರು ತೆಗೆದರು, ಅದರೊಳಗಿನ ಸೂಕ್ಷ್ಮ ಚಿಪ್ಪುಗಳನ್ನು ಯಂತ್ರಕ್ಕೆ ಕೊಟ್ಟರು, 20,000 ವರ್ಷ ಹಿಂದಿನ ಸಮುದ್ರದ ಉಷ್ಣತೆ ಗೊತ್ತಾಯಿತು. ಯಂತ್ರ ಉಷ್ಣತೆಯನ್ನು ಹೇಳುವುದೇ ಇಲ್ಲ. ಅದು ಕೊಡುವುದು ಒಂದು ಅನುಪಾತ ಮಾತ್ರ. ಅದರೊಳಗೆ ಉಷ್ಣತೆಯೂ ಇದೆ, ದೂರದ ಹಿಮರಾಶಿಯೂ ಇದೆ, ನಮ್ಮ ಕರಾವಳಿಯಲ್ಲಾದರೆ ಘಟ್ಟದ ಮಳೆಯೂ ಇದೆ. ಅವನ್ನು ಬಿಡಿಸುವುದರಲ್ಲೇ ಈ ವಿದ್ಯೆಯ ಸೊಗಸಿರುವುದು.

ಚಿಪ್ಪು ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಯದು. ಬಳಗದವರು ಚಿಕ್ಕದಾಗಿ ಫೊರಾಮ್ ಎನ್ನುತ್ತಾರೆ. ಹೆಚ್ಚಿನವು ಅರ್ಧ ಮಿಲಿಮೀಟರಿಗಿಂತ ಚಿಕ್ಕವು, ರವೆಯ ಕಾಳಿನಷ್ಟು. ಕೆಲವು ಜಾತಿಗಳು ಮೇಲ್ನೀರಿನಲ್ಲಿ ತೇಲುತ್ತವೆ, ಕೆಲವು ತಳದಲ್ಲೇ ಬಾಳುತ್ತವೆ. ಸುತ್ತಲಿನ ನೀರಿನಿಂದಲೇ ಸುಣ್ಣವನ್ನು ಹೀರಿ ಮನೆ ಕಟ್ಟಿಕೊಂಡು, ಸತ್ತ ಮೇಲೆ ಆ ಮನೆಯನ್ನು ತಳಕ್ಕೆ ಇಳಿಬಿಡುತ್ತವೆ. ಸುಣ್ಣದಲ್ಲಿ ಆಮ್ಲಜನಕ ಇದೆ. ಅದರ ಪರಮಾಣುಗಳಲ್ಲಿ ಎರಡು ತೂಕದವನ್ನು ನಾವು ಎಣಿಸುತ್ತೇವೆ, ಹಗುರದ್ದು 16, ಭಾರದ್ದು 18: 16ರದ್ದು ಶೇ 99.76, 18ರದ್ದು ಸುಮಾರು ಶೇ 0.2. 16ಕ್ಕೆ 18ರ ಅನುಪಾತ ಒಂದು ಗೊತ್ತುಪಡಿಸಿದ ಮಾದರಿ ಸುಣ್ಣಕ್ಕಿಂತ ಸಾವಿರಕ್ಕೆ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದೇ ಯಂತ್ರದ ಉತ್ತರ.

1947ರಲ್ಲಿ ರಸಾಯನ ವಿಜ್ಞಾನಿ ಹೆರಾಲ್ಡ್ ಯೂರಿ ಈ ಅನುಪಾತದಿಂದ ಹಳೆಯ ಕಡಲಿನ ಉಷ್ಣತೆ ಲೆಕ್ಕ ಹಾಕಬಹುದು ಎಂದರು. ನೀರು ತಣ್ಣಗಾದಷ್ಟೂ ಸುಣ್ಣದೊಳಕ್ಕೆ ಭಾರದ ಆಮ್ಲಜನಕ ಹೆಚ್ಚು ಸೇರುತ್ತದೆ. ಒಂದು ಡಿಗ್ರಿಗೆ ಸುಮಾರು ಸಾವಿರಕ್ಕೆ 0.22. ಅವರ ಬಳಗದಲ್ಲಿ ಕಲಿತ ಚೆಸಾರೆ ಎಮಿಲಿಯಾನಿ 1955ರಲ್ಲಿ ಕೆರಿಬಿಯನ್ ಮುಂತಾದ ಕಡಲುಗಳ ಕೆಸರಿಗೆ ಇದನ್ನು ಹಚ್ಚಿ, ಹಿಮಯುಗಗಳು ಒಂದರ ಹಿಂದೆ ಒಂದು ಬಂದುಹೋದದ್ದನ್ನು ತೋರಿಸಿದರು. ಏರಿಳಿತದ ಬಹುಪಾಲನ್ನು ಅವರು ಉಷ್ಣತೆಯ ಖಾತೆಗೆ ಬರೆದರು. ತಪ್ಪಾದದ್ದು ಅಲ್ಲಿ.

ಹಾಲಿನ ಡೇರಿಗೆ ಹೋದವರಿಗೆ ಆ ತಪ್ಪು ಬೇಗ ಹಿಡಿಯುತ್ತದೆ. ಲ್ಯಾಕ್ಟೋಮೀಟರ್ ಹಾಲಿನ ಸಾಂದ್ರತೆಯನ್ನು ತೋರಿಸುತ್ತದೆ. ನೀರು ಬೆರೆಸಿದರೆ ಅಂಕ ಇಳಿಯುತ್ತದೆ. ಕೆನೆ ಹಾಲಿಗಿಂತ ಹಗುರ, ಅದನ್ನು ತೆಗೆದರೆ ಅಂಕ ಏರುತ್ತದೆ. ಜಾಣರು ಮೊದಲು ಕೆನೆ ತೆಗೆದು ಆಮೇಲೆ ಹದವಾಗಿ ನೀರು ಬೆರೆಸುತ್ತಾರೆ, ಅಂಕ ಇದ್ದಲ್ಲಿಗೇ ಬಂದು ನಿಲ್ಲುತ್ತದೆ. ಸಾಲದ್ದಕ್ಕೆ ಹಾಲು ತಣ್ಣಗಿದ್ದರೂ ಅಂಕ ಮೇಲೇ ತೋರಿಸುತ್ತದೆ. ಅಂಕ ಒಂದು, ಕಾರಣ ಮೂರು. ಫೊರಾಮ್ ಚಿಪ್ಪಿನ ಅಂಕವೂ ಹೀಗೇ: ತಣ್ಣನೆಯ ನೀರು ಏರಿಸುತ್ತದೆ, ಕಡಲಿನ ‘ಕೆನೆ’ ತೆಗೆದರೆ ಏರುತ್ತದೆ, ಸಿಹಿನೀರು ಬೆರೆತರೆ ಇಳಿಯುತ್ತದೆ.

ಕಡಲಿನ ಕೆನೆ ಎಂದರೆ ಹಗುರ ನೀರು. ಮೊರದಲ್ಲಿ ಭತ್ತ ಕೇರಿದರೆ ಜೊಳ್ಳು ಹಾರಿ ಕಾಳು ಉಳಿಯುವಂತೆ, ಬಿಸಿಲಿಗೆ ನೀರು ಆವಿಯಾಗುವಾಗ 16ರ ನೀರು ತುಸು ಹೆಚ್ಚು ಹಾರುತ್ತದೆ. ಮೋಡ ಮುಂದೆ ಸಾಗುತ್ತ ಮಳೆ ಸುರಿಸುವಾಗ ಭಾರದ್ದು ಮೊದಲು ಇಳಿಯುತ್ತದೆ, ಮೂಟೆ ಹೊತ್ತವರು ಮೊದಲ ಸ್ಟಾಪಿನಲ್ಲೇ ಬಸ್ ಇಳಿದ ಹಾಗೆ. ಧ್ರುವದ ಹತ್ತಿರ ತಲುಪುವ ಹೊತ್ತಿಗೆ ಉಳಿದ ಆವಿ ತೀರಾ ಹಗುರ. ಮಾಮೂಲು ಕಾಲದಲ್ಲಿ ಇದೆಲ್ಲ ನದಿಗಳಲ್ಲಿ ಕಡಲಿಗೆ ವಾಪಸು ಬಂದು ಲೆಕ್ಕ ಚುಕ್ತಾ ಆಗುತ್ತದೆ. ಹಿಮಯುಗದಲ್ಲಿ ಉತ್ತರ ಅಮೆರಿಕ, ಉತ್ತರ ಯುರೋಪಿನ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಹಿಮವಾಗಿ ಅದು ನಿಂತುಬಿಟ್ಟಿತು. ಸಮುದ್ರಮಟ್ಟ ಸುಮಾರು 120 ಮೀಟರ್ ಇಳಿಯಿತು. ಉಳಿದ ನೀರು ಸಾವಿರಕ್ಕೆ ಸುಮಾರು 1ರಷ್ಟು ಭಾರವಾಯಿತು. ಇದನ್ನು ಉಷ್ಣತೆ ಎಂದು ಓದಿಕೊಂಡರೆ, ಆಗದ ತಂಪನ್ನು ನಾಲ್ಕೂವರೆ ಡಿಗ್ರಿಯಷ್ಟು ಲೆಕ್ಕಕ್ಕೆ ಸೇರಿಸಿದ ಹಾಗಾಯಿತು!

ಕೇಂಬ್ರಿಜ್‌ನ ನಿಕೊಲಸ್ ಶ್ಯಾಕಲ್ಟನ್ 1967ರಲ್ಲಿ ಇದನ್ನು ಬಿಡಿಸಿದ ರೀತಿ ಬಲು ಚೆನ್ನ. ಅವರು ನೋಡಿದ್ದು ತಳದಲ್ಲಿ ಬಾಳುವ ಜಾತಿಗಳ ಚಿಪ್ಪನ್ನು. ಆಳದ ನೀರು ಈಗಲೇ ಒಂದೆರಡು ಡಿಗ್ರಿಯಲ್ಲಿದೆ, ಹೆಪ್ಪುಗಟ್ಟದೆ ಇನ್ನೆಷ್ಟು ತಣ್ಣಗಾದೀತು? ಆದರೂ ತಳದ ಚಿಪ್ಪುಗಳ ಅಂಕ ಮೇಲ್ನೀರಿನವುಗಳ ಅಂಕದಷ್ಟೇ ಏರಿಳಿದಿತ್ತು. ಹಾಗಾದರೆ ಏರಿಳಿತದ ದೊಡ್ಡ ಪಾಲು ಹಿಮದ್ದು. ಒಂಬತ್ತು ವರ್ಷದ ಬಳಿಕ, 1976ರಲ್ಲಿ, ಹೇಸ್, ಇಂಬ್ರಿ ಮತ್ತು ಶ್ಯಾಕಲ್ಟನ್ ಸೇರಿ ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಎರಡು ಕೋರ್‌ಗಳಲ್ಲಿ (ಕೊಳವೆಯಲ್ಲಿ ತೆಗೆದ ಕೆಸರಿನ ಕಂಬಗಳಲ್ಲಿ) ಸುಮಾರು 1,00,000, 41,000 ಮತ್ತು 23,000 ವರ್ಷಗಳ ಲಯ ಹುಡುಕಿ, ಭೂಮಿಯ ಕಕ್ಷೆ ಮತ್ತು ಓಲಾಟಕ್ಕೆ ಹಿಮಯುಗಗಳನ್ನು ಜೋಡಿಸಿದರು.

ಇಲ್ಲೊಂದು ಮಾತು ಹೇಳಿಬಿಡಬೇಕು. ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿದ ಕತೆಗೆ ಸಮುದ್ರ ವಿಜ್ಞಾನವೇ ಸಾಕ್ಷಿ ಎಂಬ ಸಂದೇಶ ಮಳೆಗಾಲದ ಅಣಬೆಯಂತೆ ವರ್ಷವರ್ಷ ಏಳುತ್ತದೆ. ಕತೆ ಕತೆಯಾಗಿ ಚೆನ್ನಾಗಿದೆ, ಇರಲಿ. ಆದರೆ ಕೆಸರಿನ ಸಾಕ್ಷಿ ತಿರುವುಮುರುವು. 20,000 ವರ್ಷ ಹಿಂದೆ ಕಾರವಾರ, ಮಂಗಳೂರಿನ ಮುಂದಿನ ಕಡಲು ಈಗಿನ ದಡದಿಂದ ಹಲವು ಹತ್ತು ಕಿಲೋಮೀಟರ್ ಪಶ್ಚಿಮಕ್ಕಿತ್ತು. ಹಿಮ ಕರಗಿದಂತೆ, ಸುಮಾರು 7,000 ವರ್ಷ ಹಿಂದಿನವರೆಗೂ ಅದು ನೆಲವನ್ನು ನುಂಗುತ್ತಲೇ ಬಂತು. ಆಮೇಲಿನದು ಅಲ್ಲಲ್ಲಿ ಕೆಲವು ಮೀಟರುಗಳ ಏರಿಳಿತ ಮಾತ್ರ.

ಇನ್ನು ಕೆಲಸ. ಕೆಸರು ತರುವುದು ಉದ್ದನೆಯ ಕೊಳವೆಯಲ್ಲಿ, ಅದನ್ನೇ ಕೋರ್ ಎನ್ನುವುದು. ಭಾರ ಕಟ್ಟಿ ಇಳಿಬಿಟ್ಟ ಕೊಳವೆ ತಳಕ್ಕೆ ಬಡಿದ ಹೊಡೆತಕ್ಕೆ ಮೇಲಿನ ಮೆತ್ತನೆಯ ಕೆಲವು ಸೆಂಟಿಮೀಟರ್ ಚೆದುರಿಹೋಗುತ್ತದೆ; ಅದಕ್ಕೇ ಮೇಲ್ಪದರಕ್ಕೆ ಬೇರೆ ಪೆಟ್ಟಿಗೆಯಾಕಾರದ ಸಾಧನ ಇಳಿಸುತ್ತಾರೆ. ಇದನ್ನು ಮರೆತವರು ಎರಡು ಸಾವಿರ ವರ್ಷ ಹಳೆಯ ಕೆಸರನ್ನು ‘ಇಂದಿನದು’ ಎಂದು ಓದಿದ್ದುಂಟು. ಕೊಳವೆಯನ್ನು ಉದ್ದಕ್ಕೆ ಸೀಳಿ ಒಂದು ಹೋಳನ್ನು ಮುಟ್ಟದೆ ತಣ್ಣಗೆ ಇಡುತ್ತಾರೆ. ಇನ್ನೊಂದನ್ನು ಒಂದೋ ಎರಡೋ ಸೆಂಟಿಮೀಟರಿನ ಬಿಲ್ಲೆಗಳಾಗಿ ಕೊಯ್ದು, ಒಣಗಿಸಿ, ತೂಗಿ, ಭಟ್ಟಿ ಇಳಿಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, 63 ಮೈಕ್ರಾನ್ ಜರಡಿಯಲ್ಲಿ ತೊಳೆಯುತ್ತಾರೆ. ಜೇಡಿ ಹರಿದುಹೋಗಿ ಚಿಪ್ಪು, ಮರಳು ಉಳಿಯುತ್ತವೆ.

ಜರಡಿಯ ಕಣ್ಣಿನಲ್ಲಿ ಹಿಂದಿನ ಬಿಲ್ಲೆಯ ನಾಲ್ಕು ಚಿಪ್ಪು ಸಿಕ್ಕಿಕೊಂಡಿದ್ದರೆ? ಅದಕ್ಕೆ ಪ್ರತಿ ಸಲವೂ ಜರಡಿಯನ್ನು ಮಿಥಿಲೀನ್ ಬ್ಲೂ ದ್ರಾವಣದಲ್ಲಿ ಅದ್ದುತ್ತಾರೆ. ಉಳಿದುಬಂದ ಹಳೆಯ ಚಿಪ್ಪು ನೀಲಿಯಾಗಿ ಕಾಣುತ್ತದೆ, ಅದನ್ನು ಆರಿಸುವುದಿಲ್ಲ, ಅಷ್ಟೆ. ಬಡಪಾಯಿ ಉಪಾಯ, ಇದಕ್ಕಿಂತ ಒಳ್ಳೆಯದು ಬೇಕಾಗಿಯೂ ಇಲ್ಲ.

ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಕಪ್ಪು ತಟ್ಟೆ, ಒದ್ದೆ ಮಾಡಿದ ಮೂರು ಸೊನ್ನೆಯ (ತೀರಾ ಸಣ್ಣ ತುದಿಯ) ಬ್ರಷ್. ಒಂದೇ ಜಾತಿ, ಒಂದೇ ಗಾತ್ರ. ಒಂದೇ ಜಾತಿಯಲ್ಲೂ ಎಳೆಯದರ ಅಂಕ ಬೇರೆ, ಬಲಿತದ್ದರ ಅಂಕ ಬೇರೆ. ಆಮ್ಲಜನಕದ ಲೆಕ್ಕಕ್ಕೆ ಹತ್ತು-ಹದಿನೈದು ಚಿಪ್ಪು ಸಾಕು: ಬಿಸಿ ಫಾಸ್ಫಾರಿಕ್ ಆಮ್ಲ ಬಿದ್ದರೆ ಹೊರಡುವ ಇಂಗಾಲದ ಡೈ ಆಕ್ಸೈಡನ್ನೇ ಯಂತ್ರ ತೂಗುತ್ತದೆ. ಕಾರ್ಬನ್-14 ಕಾಲನಿರ್ಣಯ ಹೊಟ್ಟೆಬಾಕ. ಅದಕ್ಕೆ 5 ಮಿಲಿಗ್ರಾಂ ಎಂದರೂ, ಒಂದೊಂದು 10 ಮೈಕ್ರೋಗ್ರಾಂ ತೂಗುವ ಚಿಪ್ಪು 500 ಬೇಕು. ಬಂದ ವಯಸ್ಸಿನಿಂದ ಮತ್ತೆ ಸುಮಾರು 400 ವರ್ಷ, ಹಳೆಯ ಆಳದ ನೀರು ಮೇಲೇಳುವ ಕಡೆ ಇನ್ನೂ ಹೆಚ್ಚು, ಕಳೆಯಬೇಕು. ಕಡಲ ನೀರಿನ ಇಂಗಾಲವೇ ಗಾಳಿಯದ್ದಕ್ಕಿಂತ ಹಳೆಯದು.

ಪುಕ್ಕಟೆ ಸಿಗುವ ಕಾಲಸೂಚಿಯೂ ಒಂದಿದೆ. ಗ್ಲೋಬಿಜೆರಿನಾಯ್ಡಿಸ್ ರೂಬರ್ ಎಂಬ ಜಾತಿಯ ಗುಲಾಬಿ ಬಣ್ಣದ ತಳಿ ಹಿಂದೂ ಮತ್ತು ಪೆಸಿಫಿಕ್ ಸಾಗರಗಳಲ್ಲಿ ಸುಮಾರು 1,20,000 ವರ್ಷ ಹಿಂದೆ ಇಲ್ಲವಾಯಿತು. ಅರಬ್ಬಿ ಸಮುದ್ರದ ಕೋರ್‌ನಲ್ಲಿ ಇಳಿಯುತ್ತ ಹೋಗುವಾಗ ಮೊದಲ ಗುಲಾಬಿ ಚಿಪ್ಪುಗಳು ಕಂಡವೋ, ಎಲ್ಲಿದ್ದೀರಿ ಎಂದು ಗೊತ್ತಾಯಿತು.

ಇನ್ನು ಬಿಡಿಸುವ ಲೆಕ್ಕ. ಡೇರಿಯಲ್ಲಿ ಲ್ಯಾಕ್ಟೋಮೀಟರ್ ಒಂದನ್ನೇ ನಂಬದೆ ಫ್ಯಾಟನ್ನೂ ನೋಡುತ್ತಾರಲ್ಲ, ಇಲ್ಲಿ ಆ ಎರಡನೆಯ ಅಳತೆ ಮೆಗ್ನೀಷಿಯಂ. ನೀರು ಒಂದು ಡಿಗ್ರಿ ಬೆಚ್ಚಗಾದರೆ ಚಿಪ್ಪಿನ ಸುಣ್ಣದಲ್ಲಿ ಮೆಗ್ನೀಷಿಯಂ ಸುಮಾರು ಶೇ 9ರಷ್ಟು ಹೆಚ್ಚುತ್ತದೆ. ಹಿಮಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಜೇಡಿಯಲ್ಲೂ ಮೆಗ್ನೀಷಿಯಂ ಇದೆ. ಅದಕ್ಕೆ ಚಿಪ್ಪನ್ನು ಎರಡು ಗಾಜುಗಳ ನಡುವೆ ಮೆಲ್ಲಗೆ ಒತ್ತಿ ಕೋಣೆಗಳನ್ನು ಒಡೆದು, ನೀರು, ಮೆಥನಾಲ್, ಹೈಡ್ರೋಜನ್ ಪೆರಾಕ್ಸೈಡ್, ಕೊನೆಗೆ ತೀರಾ ತೆಳು ಆಮ್ಲದಲ್ಲಿ ತೊಳೆಯಬೇಕು. ಜೊತೆಗೆ ಅಲ್ಯೂಮಿನಿಯಂ ಅಳೆಯಬೇಕು. ಅದು ಹೆಚ್ಚಿದ್ದರೆ ಜೇಡಿ ಉಳಿದಿದೆ ಎಂದರ್ಥ, ಫಲಿತಾಂಶ ಕಸದ ಬುಟ್ಟಿಗೆ. ಆಳದಲ್ಲಿ ಚಿಪ್ಪು ಅರೆಬರೆ ಕರಗಿದ್ದರೆ ಮೆಗ್ನೀಷಿಯಂ ಮೊದಲು ಹೋಗುತ್ತದೆ, ಕಡಲು ಇದ್ದದ್ದಕ್ಕಿಂತ ತಣ್ಣಗೆ ಕಾಣುತ್ತದೆ.

ಚಿಪ್ಪಿನ ಅಂಕದಿಂದ ಉಷ್ಣತೆಯ ಪಾಲು ಕಳೆದು, ಸಮುದ್ರಮಟ್ಟದಿಂದ ಗೊತ್ತಾಗುವ ಹಿಮದ ಪಾಲನ್ನೂ ಕಳೆದರೆ ಉಳಿದದ್ದು ಆ ಜಾಗದ ನೀರಿನ ಕತೆ. ಕಾಳಿ, ಶರಾವತಿ, ನೇತ್ರಾವತಿ ಹೊತ್ತು ತರುವ ಹಗುರ ಮಳೆನೀರು ಕರ್ನಾಟಕದ ಕರಾವಳಿಯ ಕಡಲಲ್ಲಿ ಸಿಗುವುದು ಈ ಶೇಷದಲ್ಲೇ. ಉಷ್ಣತೆಯಲ್ಲಿ ಒಂದು ಡಿಗ್ರಿ ತಪ್ಪಿದರೆ ಶೇಷದಲ್ಲಿ 0.2 ತಪ್ಪುತ್ತದೆ. ಮಳೆಯ ಸುಳಿವೂ ಎಷ್ಟೋ ಸಲ ಅದರ ಆಸುಪಾಸಿನಲ್ಲೇ ಇರುವುದರಿಂದ, ‘ಆ ಶತಮಾನದಲ್ಲಿ ಬರ’ ಎಂದು ಒಂದು ಬಿಂದು ನೋಡಿ ಘೋಷಿಸುವವರನ್ನು ನಂಬಬೇಡಿ.

ಅರಬ್ಬಿ ಸಮುದ್ರದ ಆಚೆ ದಡದಲ್ಲಿ, ಒಮಾನ್ ಬಳಿ, ಮುಂಗಾರು ಗಾಳಿ ಮೇಲ್ನೀರನ್ನು ದೂಡಿ ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರನ್ನು ಎಬ್ಬಿಸುತ್ತದೆ. ಅಲ್ಲಿ ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಎಂಬ ತಂಪು ನೀರಿನ ಜಾತಿ ಹೆಚ್ಚುತ್ತದೆ. 300 ಚಿಪ್ಪು ಎಣಿಸಿದರೆ ಅದರ ಶೇಕಡಾವಾರು ಪಾಲೇ ಗಾಳಿಯ ಬಲದ ಅಳತೆ. ಸುಮಾರು 11,000 ವರ್ಷ ಹಿಂದೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುತ್ತಿದ್ದದ್ದು ಉತ್ತರಾರ್ಧದ ಬೇಸಗೆಯಲ್ಲಿ. ಈಗ ಅದು ಜನವರಿಯಲ್ಲಿ. ಆ ಕಾಲದ ಬಳಿಕದ ಕೆಲವು ಸಾವಿರ ವರ್ಷ ಬುಲ್ಲಾಯ್ಡಿಸ್ ಹೇರಳ, ಆಮೇಲೆ ಇಳಿಮುಖ. ಆದರೆ ಅಲ್ಲಿನ ಕೋರ್ ಬರೆದಿಟ್ಟದ್ದು ಗಾಳಿಯನ್ನು, ಇಲ್ಲಿನದು ಮಳೆಯನ್ನು. ಬೀಸಿದ್ದೆಲ್ಲ ಘಟ್ಟದಲ್ಲಿ ಸುರಿಯಬೇಕೆಂದಿಲ್ಲ. ಎರಡು ದಡದ ಗೆರೆಗಳು ಹೊಂದದೆ ಇದ್ದಲ್ಲಿ ಒಂದನ್ನು ತಪ್ಪೆಂದು ತೆಗೆದುಹಾಕುವ ಮೊದಲು ಆ ಎರಡು ಅಂಕಗಳು ಯಾವುದರ ಅಂಕಗಳು ಎಂದು ಕೇಳಿಕೊಳ್ಳಬೇಕು.