ಮೌಮೀ ನದಿಯ ಮೀನಿಗೆ ವಯಸ್ಸೆಷ್ಟು?

ಏಪ್ರಿಲ್ ಮೊದಲ ವಾರ. ಅಮೆರಿಕದ ಓಹಾಯೊ ರಾಜ್ಯದ ಟೊಲೀಡೊ ಪಕ್ಕ ಹರಿಯುವ ಮೌಮೀ ನದಿಯಲ್ಲಿ ಜನ ಸೊಂಟದ ತನಕ ನೀರಿನಲ್ಲಿ ನಿಂತಿದ್ದರು. ರಬ್ಬರಿನ ಉದ್ದ ಪ್ಯಾಂಟು ಹಾಕಿಕೊಂಡು, ಒಬ್ಬರ ಪಕ್ಕ ಒಬ್ಬರು ಸಾಲಾಗಿ ಗಾಳ ಎಸೆಯುತ್ತಿದ್ದರು. ಮಗನ ಮನೆಗೆ ಅಂತ ಮಂಡ್ಯದಿಂದ ಬಂದಿದ್ದ ನನ್ನ ಗೆಳೆಯನ ತಂದೆಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹತ್ತು ನಿಮಿಷದಲ್ಲಿ ನಮ್ಮ ಕಣ್ಣೆದುರಿಗೇ ನಾಲ್ಕು ಮೀನು ಮೇಲೆ ಬಂದವು. ಅವರು ನನ್ನ ಕಡೆ ತಿರುಗಿ, "ಇಷ್ಟೊಂದ್ ಮೀನವೆ. ಇನ್ನೇನ್ ನೋಡ್ಬೇಕು ಕಣಪ್ಪಾ ನೀನು?" ಅಂದರು.

ನಾನು ಮೀನಿನ ಆರೋಗ್ಯ ನೋಡುವ ಕೆಲಸದವನು. ಈ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಎಷ್ಟೋ ಜನ ಕೇಳಿದ್ದಾರೆ. ಟೊಲೀಡೊ, ಕೊಲಂಬಸ್, ಡೆಟ್ರಾಯಿಟ್ ಕಡೆಯ ನಮ್ಮ ಕನ್ನಡದವರೂ ಕೇಳುತ್ತಾರೆ: "ಸಾರ್, ಈ ಸಲ ಮೀನು ಚೆನ್ನಾಗಿದೆ ಅಲ್ವಾ?" ಇದಕ್ಕೆ ಒಂದೇ ಮಾತಿನಲ್ಲಿ ಹೌದು ಅನ್ನಲು ಆಗುವುದಿಲ್ಲ. ಅದು ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಮೀನಿನ ಪರಿಚಯ. ವಾಲೈ ಅಂತ ಹೆಸರು. ಹಸಿರು ಕಲೆತ ಹಿತ್ತಾಳೆ ಬಣ್ಣದ ಮೈ, ಬಾಲದ ಕೆಳತುದಿಯಲ್ಲಿ ಒಂದು ಬಿಳಿ ಗುರುತು, ಬಾಯಿ ತುಂಬ ಚೂಪು ಹಲ್ಲು. ಕಣ್ಣನ್ನಂತೂ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಟಾರ್ಚ್ ಬಿಟ್ಟರೆ ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತದೆ. ಒಳಗೆ ಬಿದ್ದ ಬೆಳಕನ್ನು ವಾಪಸ್ ಕಳಿಸುವ ಪೊರೆ ಅದರ ಕಣ್ಣಿನ ಹಿಂಭಾಗದಲ್ಲಿದೆ. ಹಾಗಾಗಿ ಮುಸ್ಸಂಜೆಯಲ್ಲಿ, ರಾತ್ರಿಯಲ್ಲಿ, ಕದಡಿದ ನೀರಿನಲ್ಲೂ ಬೇಟೆ ಸಲೀಸು. ಮಾಂಸ ಬೆಳ್ಳಗೆ, ಮುಳ್ಳು ಕಡಿಮೆ. ರವೆ ಹಚ್ಚಿ ಕಾವಲಿಯ ಮೇಲೆ ಹಾಕಿದರೆ ಕರಾವಳಿಯ ನನಗೆ ಕಾಣೆ ಮೀನು ನೆನಪಾಗುತ್ತದೆ.

ಮೌಮೀಯಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಕಾಣುವ ಈ ವಾಲೈಗಳು ವರ್ಷವಿಡೀ ನದಿಯಲ್ಲೇ ಇರುವವಲ್ಲ. ಇವು ಮೌಮೀ ಹೋಗಿ ಸೇರುವ ಈರಿ ಸರೋವರದ ಮೀನುಗಳು. ಮಂಜು ಕರಗಿ ನೀರು ಐದು ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಮೊಟ್ಟೆ ಇಡಲು ನದಿ ಹತ್ತುತ್ತವೆ. ಅವುಗಳಲ್ಲಿ ತುಂಬ ಮೀನು ತಾವು ಹುಟ್ಟಿದ ಜಾಗಕ್ಕೇ ಮರಳುತ್ತವೆ. ಹೆರಿಗೆಗೆ ತವರಿಗೆ ಬಂದ ಹಾಗೆ. ಗಂಡು ಮೊದಲು ಬಂದು ವಾರಗಟ್ಟಲೆ ಕಾಯುತ್ತದೆ. ಹೆಣ್ಣು ಬಂದು, ಸಾಮಾನ್ಯವಾಗಿ ಒಂದೇ ರಾತ್ರಿಯಲ್ಲಿ ಮೊಟ್ಟೆ ಬಿಟ್ಟು, ಸರೋವರಕ್ಕೆ ಹೊರಟುಬಿಡುತ್ತದೆ. ದೊಡ್ಡ ಹೆಣ್ಣಾದರೆ ಎರಡು ಮೂರು ಲಕ್ಷ ಮೊಟ್ಟೆ. ಗೂಡು ಕಟ್ಟುವುದಿಲ್ಲ, ಕಾವಲು ಕಾಯುವುದಿಲ್ಲ.

ಅಂದರೆ ಏಪ್ರಿಲ್‌ನಲ್ಲಿ ದಡದ ಮೇಲೆ ನಿಂತು "ಮೀನು ಜಾಸ್ತಿ ಇದೆ" ಅನ್ನುವುದು, ಜಾತ್ರೆಯ ದಿನ ರಥಬೀದಿಯಲ್ಲಿ ನಿಂತು ಊರಿನ ಜನರನ್ನು ಎಣಿಸಿದ ಹಾಗೆ. ಗಾಳಕ್ಕೆ ಬೀಳುವ ಮೀನು ದೊಡ್ಡ ಮೀನು. ಅದು ಮೂರು, ಐದು, ಹತ್ತು ವರ್ಷದ ಹಿಂದೆ ಹುಟ್ಟಿದ್ದು. ಅದು ಹುಟ್ಟಿದ ವರ್ಷ ನದಿ ಹೇಗಿತ್ತು ಅಂತ ಹೇಳೀತು. ಈ ವರ್ಷ ನದಿ ಹೇಗಿದೆ ಅಂತ ಹೇಳಲಾರದು.

ಆದ್ದರಿಂದ ನಾವು ಮೊದಲು ಕೇಳುವುದು ವಯಸ್ಸು. ಮೀನಿನ ತಲೆಯೊಳಗೆ, ಮಿದುಳಿನ ಕೆಳಗೆ, ಪುಟ್ಟ ಕಿವಿಕಲ್ಲುಗಳಿರುತ್ತವೆ. ಚಿಮಟದಿಂದ ತೆಗೆದು, ತೊಳೆದು, ಅಡ್ಡಕ್ಕೆ ಕತ್ತರಿಸಿ, ಉಜ್ಜಿ ನುಣುಪು ಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರದ ಕಾಂಡದ ಹಾಗೆ ಉಂಗುರ ಕಾಣುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ತಿಂದಾಗ ಅಗಲ ಪಟ್ಟಿ, ಚಳಿಗಾಲದಲ್ಲಿ ಕಿರಿದು. ಮೊದಲ ಕೆಲವು ಉಂಗುರ ದೂರ ದೂರ ಇರುತ್ತವೆ. ಆಮೇಲೆ ಅಂಚಿನ ಕಡೆ ಹೋದಂತೆ ಒತ್ತೊತ್ತಾಗಿ ಕೂದಲೆಳೆಯಷ್ಟು ಹತ್ತಿರ. ಹದಿನೈದು ಉಂಗುರ ದಾಟಿದ ಮೀನನ್ನು ಓದಬೇಕಾದರೆ ಉಸಿರು ಬಿಗಿಹಿಡಿದು ಎಣಿಸಬೇಕು. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ನೋಡದೆ ಮತ್ತೆ ಎಣಿಸುತ್ತಾರೆ. ಎರಡೂ ತಾಳೆಯಾದರೇ ಲೆಕ್ಕಕ್ಕೆ.

ಹೀಗೆ ಸಾವಿರಾರು ಮೀನಿನ ವಯಸ್ಸು ಜೋಡಿಸಿದಾಗ ಒಂದು ವಿಚಿತ್ರ ಗೊತ್ತಾಗುತ್ತದೆ. ಈರಿ ಸರೋವರದಲ್ಲಿ ವಾಲೈ ಪ್ರತಿ ವರ್ಷ ಒಂದೇ ಸಮ ಹುಟ್ಟುವುದಿಲ್ಲ. 1982ರಲ್ಲಿ ಒಂದು ದೊಡ್ಡ ಬ್ಯಾಚು ಹುಟ್ಟಿತು. 2003ರಲ್ಲಿ ಭಾರಿ ಬ್ಯಾಚು. ಅದಾದ ಮೇಲೆ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಅಂಥದ್ದೊಂದು ಬರಲೇ ಇಲ್ಲ. ಅಷ್ಟೂ ವರ್ಷ ಗಾಳ ಹಾಕುವವರನ್ನೂ ಕೆನಡಾ ಕಡೆಯ ಬಲೆಯವರನ್ನೂ ಹೆಚ್ಚಾಗಿ ಸಾಕಿದ್ದು ಆ 2003ರ ಬ್ಯಾಚೇ. ಆಗ ದೊಡ್ಡ ದೊಡ್ಡ ಮೀನು ಸಿಗುತ್ತಿದ್ದವು. ಫೋಟೊ ಚೆನ್ನಾಗಿ ಬರುತ್ತಿತ್ತು. ನಮಗೆ ಮಾತ್ರ ಆತಂಕ. ಮನೆಯಲ್ಲಿ ಅಜ್ಜ ಅಜ್ಜಿ ಗಟ್ಟಿಯಾಗಿದ್ದಾರೆ, ತೊಟ್ಟಿಲು ಖಾಲಿ ಅನ್ನುವ ಸ್ಥಿತಿ ಅದು. 2015ರಲ್ಲಿ, ಮತ್ತೆ 2018, 2019 ಮತ್ತು 2021ರಲ್ಲಿ ಒಳ್ಳೆಯ ಬ್ಯಾಚುಗಳು ಬಂದವು. ಈಗಿನ ಸಮೃದ್ಧಿ ಆ ಕೆಲವು ವರ್ಷಗಳದ್ದು.

ಇದನ್ನು ತಿಳಿಯುವುದಕ್ಕೆ ಆಗಸ್ಟ್‌ನಲ್ಲಿ ಸರೋವರದ ಪಶ್ಚಿಮ ಭಾಗದಲ್ಲಿ ಎಳೆಬಲೆ ಹಾಕಿ, ಗೇಣುದ್ದವೂ ಇಲ್ಲದ ಆ ವರ್ಷದ ಮರಿಗಳನ್ನು ಎಣಿಸುತ್ತಾರೆ. ಇಡೀ ವರ್ಷದಲ್ಲಿ ನಾನು ಕಾಯುವುದು ಆ ಒಂದು ಅಂಕಿಗೆ.

ನಮ್ಮ ಕಾವೇರಿಯಲ್ಲಿ ಇದೇ ಪಾಠ ಕಣ್ಣೀರು ತರಿಸುವ ಹಾಗೆ ಸಿಕ್ಕಿದೆ. ಕಿತ್ತಳೆ ರೆಕ್ಕೆಯ, ಗೂನುಬೆನ್ನಿನ ಮಹಶೀರ್ ಮೀನು ಇಡೀ ಜಗತ್ತಿನಲ್ಲಿ ಕಾವೇರಿ ಕಣಿವೆ ಬಿಟ್ಟರೆ ಬೇರೆಲ್ಲೂ ಇಲ್ಲ. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದ ಮರಿ ಸಾಕಣೆ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ದೇಶದ ಎಷ್ಟೋ ನದಿಗಳಿಗೆ ಬಿಟ್ಟರು, ಕಾವೇರಿಗೂ ಬಂದವು. ಕಾವೇರಿ ದಡದ ಗಾಲಿಬೋರೆಯಲ್ಲಿ ಗಾಳದವರು ಹಿಡಿದು ಬಿಟ್ಟ ಮೀನಿನ ಲೆಕ್ಕ 1998ರಿಂದ 2012ರವರೆಗೆ ಬರೆದಿಟ್ಟಿದ್ದರು. ಅದನ್ನು ವಿಜ್ಞಾನಿಗಳು ಕೂತು ನೋಡಿದಾಗ ನೀಲಿ ರೆಕ್ಕೆಯದು ಏರಿತ್ತು. ಗೂನುಬೆನ್ನಿನದು ವರ್ಷವರ್ಷಕ್ಕೆ ಕಡಿಮೆಯಾಗಿತ್ತು, ಆದರೆ ಸಿಕ್ಕಿದ ಒಂದೊಂದೂ ಮೊದಲಿಗಿಂತ ದೊಡ್ಡದು. ದೊಡ್ಡ ಮೀನು ಅಂತ ಎಲ್ಲರೂ ಖುಷಿಪಟ್ಟಿರಬೇಕು. ಅಸಲಿಗೆ ಮರಿ ಹುಟ್ಟುವುದು ನಿಂತಿತ್ತು. ಹಳಬರು ಮಾತ್ರ ಉಳಿದಿದ್ದರು. 2018ರಲ್ಲಿ ಅದನ್ನು ಅಳಿವಿನಂಚಿನ ಅತ್ಯಂತ ಗಂಭೀರ ಪಟ್ಟಿಗೆ ಸೇರಿಸಿದರು. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು ನಾನು. ಆ ಲೆಕ್ಕ ಓದಿದ ದಿನ ಮೌಮೀಯ ನನ್ನ ಕೆಲಸ ನನಗೆ ಬೇರೆಯಾಗಿ ಕಂಡಿತು.

ಮತ್ತೆ ಮೌಮೀಗೆ ಬರೋಣ. ಮೊಟ್ಟೆಯ ಕಥೆ ನಡೆಯುವುದೆಲ್ಲ ಕಲ್ಲಿನ ಮೇಲೆ. ವಾಲೈ ಮೊಟ್ಟೆ ರಾಗಿ ಕಾಳಿಗಿಂತ ತುಸು ದೊಡ್ಡದು, ಎರಡು ಮಿಲಿಮೀಟರ್. ಬಿಟ್ಟ ಮೊದಲ ಕೆಲವು ಗಂಟೆ ಅಂಟಂಟಾಗಿರುತ್ತದೆ. ಆಮೇಲೆ ಗಟ್ಟಿಯಾಗಿ ಜಲ್ಲಿಯ ಸಂದಿಗಳಿಗೆ ಇಳಿದು ಕೂರುತ್ತದೆ. ಎರಡು ಮೂರು ವಾರ ಅಲ್ಲೇ ಇರಬೇಕು. ನೀರು ಹರಿಯುತ್ತಾ ಉಸಿರಿಗೆ ಬೇಕಾದ ಆಮ್ಲಜನಕ ತರಬೇಕು. ಅದಕ್ಕೇ ಅದು ಕಲ್ಲು ಜಲ್ಲಿಯ ಮೇಲೆ ನೀರು ತೆಳ್ಳಗೆ, ಜೋರಾಗಿ ಹರಿಯುವ ಜಾಗ ಹುಡುಕುತ್ತದೆ. ಕೆಸರು ಬಂದು ಮೇಲೆ ಕೂತರೆ ಮುಗಿಯಿತು. ಇಟ್ಟಿಗೆಗೆ ಒರಟು ಫಿಲ್ಟರ್ ಬಟ್ಟೆ ಸುತ್ತಿ ನದಿತಳದಲ್ಲಿಟ್ಟು, ಕೆಲವು ದಿನ ಬಿಟ್ಟು ಎತ್ತಿ ನೋಡಿದರೆ ಎಲ್ಲ ಗೊತ್ತಾಗುತ್ತದೆ. ಜೀವ ಇರುವ ಮೊಟ್ಟೆ ಜೇನಿನ ಬಣ್ಣಕ್ಕೆ ಪಾರದರ್ಶಕವಾಗಿರುತ್ತದೆ. ದಿನ ತುಂಬುತ್ತಿದ್ದಂತೆ ಒಳಗೆ ಎರಡು ಕಪ್ಪು ಚುಕ್ಕಿ ಮೂಡುತ್ತವೆ. ಅವು ಮರಿಯ ಕಣ್ಣು. ಸತ್ತದ್ದು ಬೇಯಿಸದ ಸಾಬುದಾನಿ ಕಾಳಿನ ಹಾಗೆ ಬೆಳ್ಳಗೆ, ಸುತ್ತ ಹತ್ತಿಯಂತೆ ಬೂಷ್ಟು.

ಹೊರಬಂದ ಮರಿ ಏಳೆಂಟು ಮಿಲಿಮೀಟರ್. ಹರಿವಿಗೆ ಎದುರಾಗಿ ಈಜುವ ಶಕ್ತಿ ಇಲ್ಲ. ತೇಲಿಕೊಂಡು ಸರೋವರ ಸೇರಬೇಕು. ಹೊಟ್ಟೆಯಲ್ಲಿರುವ ಹಳದಿ ಬುತ್ತಿ ಮುಗಿಯುವುದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ನೀರ್ಜೀವಿಗಳು ಬಾಯಿಗೆ ಸಿಗಬೇಕು. ವಸಂತದಲ್ಲಿ ನೀರು ಒಂದೇ ಸಮನೆ ಬೇಗ ಬಿಸಿಯಾದರೆ ಮೊಟ್ಟೆ ಬೇಗ ಒಡೆಯುತ್ತದೆ, ಅಪಾಯದ ದಿನಗಳು ಕಡಿಮೆಯಾಗುತ್ತವೆ. ಬಿಸಿಯಾಗಿ, ಮತ್ತೆ ತಣ್ಣಗಾಗಿ, ಬಿರುಗಾಳಿ ಎದ್ದರೆ, ನದಿ ಹತ್ತದ ವಾಲೈಗಳು ಸರೋವರದ ಬಂಡೆಸಾಲುಗಳ ಮೇಲೆ ಇಟ್ಟ ಮೊಟ್ಟೆ ಕಿತ್ತುಹೋಗುತ್ತದೆ. ಹವಾಮಾನ ನಮ್ಮ ಕೈಯಲ್ಲಿಲ್ಲ. ಕೆಸರು ನಮ್ಮ ಕೈಯಲ್ಲಿದೆ.

ಮೌಮೀ ಕಣಿವೆ ದೊಡ್ಡದು. ಉತ್ತರ ಅಮೆರಿಕದ ಐದು ಮಹಾಸರೋವರಗಳಿಗೆ ನೀರು ತರುವ ಕಣಿವೆಗಳಲ್ಲೇ ದೊಡ್ಡದು. ಅದರಲ್ಲಿ ಬಹುಪಾಲು ಮೆಕ್ಕೆಜೋಳ, ಸೋಯಾ ಬೆಳೆಯುವ ಹೊಲ. ಇಲ್ಲಿ ಹಿಂದೆ ಮಹಾ ಜೌಗು ನೆಲ ಇತ್ತು. 19ನೇ ಶತಮಾನದಲ್ಲಿ ಅದನ್ನು ಬಸಿದು ಒಣಗಿಸಿ, ನೆಲದಡಿಯಲ್ಲಿ ಮಣ್ಣಿನ ಕೊಳವೆ ಹೂಳಿ ಹೊಲ ಮಾಡಿದರು. ಜೌಗು ಇದ್ದಾಗ ಮಳೆನೀರು ನಿಂತು, ಸೋಸಿ, ನಿಧಾನಕ್ಕೆ ನದಿಗೆ ಬರುತ್ತಿತ್ತು. ಈಗ ಸುರಿದ ಮಳೆ ಕೊಳವೆ, ಚರಂಡಿ ಹಿಡಿದು ಮಣ್ಣು ಗೊಬ್ಬರ ಸಮೇತ ನೇರ ನದಿಗೆ. ಮಾರ್ಚ್‌ನಿಂದ ಜುಲೈ ತನಕ ಗೊಬ್ಬರದ ಜೊತೆ ಬರುವ ರಂಜಕವೇ (ಫಾಸ್ಫರಸ್) ಪಾಚಿ ಬೆಳೆಸಿ, ಬೇಸಿಗೆಯ ಕೊನೆಗೆ ಸರೋವರವನ್ನು ಹಸಿರು ಬಣ್ಣದ ಗಂಜಿ ಮಾಡುತ್ತದೆ. 2014ರ ಆಗಸ್ಟ್‌ನಲ್ಲಿ ಆ ಪಾಚಿಯ ವಿಷ ಕುಡಿಯುವ ನೀರಿಗೂ ಸೇರಿ, ಟೊಲೀಡೊ ಸುತ್ತಮುತ್ತ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಎರಡು ಮೂರು ದಿನ ನಲ್ಲಿ ನೀರು ಕುಡಿಯುವಂತಿರಲಿಲ್ಲ. ಪಾಚಿಯ ಸುದ್ದಿ ಎಲ್ಲರಿಗೂ ಗೊತ್ತು. ಅದೇ ಮಳೆಯ ಕೆಸರು ಏಪ್ರಿಲ್‌ನಲ್ಲಿ ಮೊಟ್ಟೆಯ ಮೇಲೆ ಕೂತಿದ್ದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಇಲ್ಲಿನ ರೈತರನ್ನು ಬೈದರೆ ಏನೂ ಆಗುವುದಿಲ್ಲ. ಅವರ ಜೊತೆ ಟ್ರಾಕ್ಟರ್ ಹತ್ತಿರ ನಿಂತು ಮಾತಾಡಿದ್ದೇನೆ. ಮಣ್ಣು ಕೊಚ್ಚಿಹೋದರೆ ಅವರಿಗೂ ನಷ್ಟ. ಚಳಿಗಾಲದಲ್ಲಿ ಹೊಲ ಬರಿದು ಬಿಡದೆ ಹೊದಿಕೆ ಬೆಳೆ ಹಾಕುವುದು, ಕಾಲುವೆಯ ಅಂಚಿಗೆ ಹುಲ್ಲಿನ ಪಟ್ಟಿ ಬಿಡುವುದು, ಗೊಬ್ಬರವನ್ನು ಮೇಲೆ ಚೆಲ್ಲದೆ ಮಣ್ಣಿನೊಳಗೆ ಇಡುವುದು, ಅಲ್ಲಲ್ಲಿ ಜೌಗು ಮತ್ತೆ ಕಟ್ಟುವುದು: ಇದಕ್ಕೆಲ್ಲ 2019ರಿಂದ ಓಹಾಯೊ ರಾಜ್ಯ ಹಣ ಕೊಡುತ್ತಿದೆ. ನನ್ನ ಅನುಭವದಲ್ಲಿ ಮೀನಿಗೆ ಮಾಡುವ ಅತಿ ದೊಡ್ಡ ಉಪಕಾರ ನಡೆಯುವುದು ಹೊಲದಲ್ಲಿ.

ಇನ್ನೊಂದು ಉಪಕಾರ ದಾರಿ ಬಿಡುವುದು. ಪಕ್ಕದ ಸ್ಯಾಂಡಸ್ಕಿ ನದಿಯಲ್ಲಿ ಫ್ರೀಮಾಂಟ್ ಊರಿನ ಮೇಲ್ಗಡೆ ಬಾಲ್‌ವಿಲ್ ಅಣೆಕಟ್ಟು ಇತ್ತು. ನೂರು ವರ್ಷ ಹಳೆಯದು. ನದಿ ಹತ್ತಿ ಬಂದ ವಾಲೈ ಆ ಗೋಡೆಗೆ ಬಂದು ನಿಲ್ಲುತ್ತಿತ್ತು. ಅಣೆಕಟ್ಟಿನ ಕೆಳಗಿನ ತುಂಡು ಜಾಗದಲ್ಲೇ ಎಲ್ಲಕ್ಕೂ ಮೊಟ್ಟೆ ಇಡುವ ಪಾಡು. 2018ರಲ್ಲಿ ಅದನ್ನು ಒಡೆದು ತೆಗೆದರು. ಮೇಲೆ ಸುಮಾರು 35 ಕಿಲೋಮೀಟರ್ ನದಿ ತೆರೆಯಿತು. ಅಣೆಕಟ್ಟು ಒಡೆದ ಮರುವರ್ಷವೇ ಫಲ ಕೇಳುವವರಿಗೆ ನಾನು ಹೇಳುವುದಿಷ್ಟು: ಹೆಣ್ಣು ಮೈನೆರೆಯಲು ನಾಲ್ಕೈದು ವರ್ಷ ಬೇಕು. ಹೊಸ ಜಲ್ಲಿಯಲ್ಲಿ ಹುಟ್ಟಿದ ಮರಿ ದೊಡ್ಡದಾಗಿ ತವರಿಗೆ ಬರಬೇಕು. ಅದರ ಮಗಳೂ ಬರಬೇಕು.

ಹಿಡಿಯುವ ಲೆಕ್ಕ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಎಷ್ಟು ಮೀನು ಹಿಡಿಯಬಹುದು ಅಂತ ಪ್ರತಿ ವರ್ಷ ಸರೋವರದ ಸುತ್ತಲಿನ ಸರ್ಕಾರಗಳು ಕೂತು ತೀರ್ಮಾನಿಸುತ್ತವೆ. ಓಹಾಯೊಗೆ ಅರ್ಧಕ್ಕಿಂತ ತುಸು ಜಾಸ್ತಿ, ಕೆನಡಾದ ಒಂಟಾರಿಯೊಗೆ ಶೇ. 43, ಮಿಷಿಗನ್‌ಗೆ ಶೇ. 6ರ ಹತ್ತಿರ. ಇಷ್ಟು ಎಚ್ಚರ ಸುಮ್ನೆ ಬಂದದ್ದಲ್ಲ. 1970ರಲ್ಲಿ ಮೀನಿನಲ್ಲಿ ಪಾದರಸ ಸಿಕ್ಕಿ ವಾಲೈ ವ್ಯಾಪಾರ ನಿಲ್ಲಿಸಿದ್ದರು. ವಾಲೈಯ ದಾಯಾದಿ, ನೀಲಿ ಬಣ್ಣದ ಬ್ಲೂ ಪೈಕ್ ಇದೇ ಸರೋವರದಲ್ಲಿ ರಾಶಿ ರಾಶಿ ಇತ್ತು. 1950ರ ದಶಕದ ಕೊನೆಗೆ ಕುಸಿಯಿತು. 1983ರಲ್ಲಿ ಅಳಿದುಹೋಯಿತು ಅಂತ ಘೋಷಿಸಿದರು. ಅದನ್ನೂ ಒಂದು ಕಾಲದಲ್ಲಿ ಜನ "ಎಷ್ಟೊಂದು ಮೀನು" ಅಂದಿದ್ದರು.

ವಸಂತದಲ್ಲಿ ಮೌಮೀಗೆ ಗಾಳ ಹಿಡಿದು ಬರುವ ನಮ್ಮವರಿಗೆ ಎರಡು ಮಾತು. ಲೈಸೆನ್ಸ್ ಬೇಕು. ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮುಂಚೆ ಮಾತ್ರ ಹಿಡಿಯಬೇಕು. ರಾತ್ರಿ ಮೀನಿನದು. ಕೊಕ್ಕೆ ಬಾಯಿಗೆ ಸಿಗದೆ ಮೈಗೋ ಬಾಲಕ್ಕೋ ಸಿಕ್ಕಿದ್ದನ್ನು ನೀರಿಗೆ ಬಿಡಲೇಬೇಕು. ಆ ವರ್ಷದ ನಿಯಮದ ಹಾಳೆ ಒಮ್ಮೆ ಓದಿಕೊಂಡು ಬನ್ನಿ. ದವಡೆಯಲ್ಲಿ ಲೋಹದ ಪಟ್ಟಿ ಇರುವ ಮೀನು ಸಿಕ್ಕರೆ ಅದರ ನಂಬರ್ ತಪ್ಪದೆ ತಿಳಿಸಿ. ಮೌಮೀಯಲ್ಲಿ ಮೊಟ್ಟೆ ಇಟ್ಟ ಮೀನು ಬೇಸಿಗೆಯಲ್ಲಿ ಸರೋವರದ ಇನ್ನೊಂದು ತುದಿಯವರೆಗೂ, ಕೆಲವು ಹ್ಯೂರನ್ ಸರೋವರದವರೆಗೂ ಹೋಗುತ್ತವೆ ಅಂತ ನಮಗೆ ತಿಳಿದದ್ದು ಇಂಥ ಗುರುತುಗಳಿಂದಲೇ.

ಆ ದಿನ ಗಾಳದವರ ಸಾಲಿನಿಂದ ಸ್ವಲ್ಪ ದೂರ, ಮೊಣಕಾಲುದ್ದ ನೀರಿಗೆ ಇಳಿದು ಒಂದು ಹಿಡಿ ಜಲ್ಲಿಯನ್ನು ಬಿಳಿ ಟ್ರೇಗೆ ಹಾಕಿ ತಂದೆ. ಮಂಡ್ಯದ ಹಿರಿಯರು ಕನ್ನಡಕ ಮೇಲೆ ಮಾಡಿ ಬಗ್ಗಿದರು. ಕಲ್ಲಿನ ನಡುವೆ ಜೇನು ಬಣ್ಣದ ಕಾಳುಗಳು. ಬೆರಳು ತಾಗಿಸದೆ ಎಣಿಸಿದರು. ಹದಿನೇಳು. ಅದರಲ್ಲಿ ಐದು ಬೆಳ್ಳಗಾಗಿದ್ದವು.

"ಇದ್ರಲ್ಲಿ ಎಷ್ಟು ಉಳಿದಾವು?"

"ಆಗಸ್ಟ್‌ಗೆ ಗೊತ್ತಾಗುತ್ತೆ ಅಂಕಲ್."

ಅವರು ಟ್ರೇ ನನ್ನ ಕೈಗೆ ಕೊಡಲಿಲ್ಲ. ಪಂಚೆ ಮೇಲೆ ಕಟ್ಟುವ ಹಾಗೆ ಪ್ಯಾಂಟು ಮಡಚಿಕೊಂಡು, ಆ ತಣ್ಣೀರಿಗೆ ತಾವೇ ಇಳಿದು, ನಾನು ಜಲ್ಲಿ ಎತ್ತಿದ ಜಾಗ ಯಾವುದು ಅಂತ ಎರಡು ಸಲ ಕೇಳಿ, ಟ್ರೇಯನ್ನು ನೀರಿನೊಳಗೆ ಮುಳುಗಿಸಿ ಮೆಲ್ಲಗೆ ಬಗ್ಗಿಸಿದರು.